ಬೀಗ ಹಾಕಿದ ಮನೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ‘ಅಮ್ಮಾ’ ಅಂದ ಕೂಡಲೇ ಗೊತ್ತಾಯಿತು, ಚರ್ಚಾ ಸ್ಪರ್ಧೆಯಲ್ಲಿ ಸೋತಿದ್ದೀಯ ಅಂತ. “ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಆದ್ರೂ ಯಾರೂ ಒಪ್ಪಲಿಲ್ಲ” ಅಂದೆ. ಆಮೇಲೆ ಧಾರವಾಡದ ಮಳೆ, ಹಾಸ್ಟೆಲ್ ಊಟ ಅಂತ ಮಾತು ಬದಲಿಸಿ ಫೋನ್ ಇಟ್ಟೆ. ನನಗೆ ಮಾತ್ರ ರಾತ್ರಿಯೆಲ್ಲ ಅದೇ ಯೋಚನೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಕಾಗದ.

ಬೆಂಗಳೂರಿನಲ್ಲಿ ದಟ್ಟಣೆಯ ಹೊತ್ತಲ್ಲಿ ಕಾರು ತರುವವರು ಶುಲ್ಕ ಕಟ್ಟಬೇಕು. ಇದು ನಿನ್ನ ವಾದ. ಎದುರಿನ ಹುಡುಗ ಎದ್ದು, “ನಮ್ಮ ಬಡಾವಣೆಗೆ ಬಸ್ಸೇ ಬರಲ್ಲ, ಕಾರು ಬಿಟ್ಟು ಏನು ಮಾಡಲಿ?” ಅಂದ. ನೀನು ಅವನ ಮಾತು ಕೇಳಿಸದವಳ ಹಾಗೆ ಇನ್ನೂ ನಾಲ್ಕು ಅಂಕಿಅಂಶ ಓದಿದೆ. ಅಲ್ಲೇ ಸೋತೆ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳಲು ಹೂವಿನಜ್ಜಿಯ ಅರ್ಜಿಯ ಕಥೆ ಹೇಳಬೇಕು.

ಅಜ್ಜಿ ನಮ್ಮ ಟೈಪಿಂಗ್ ಅಂಗಡಿಗೆ ಮೊದಲ ಸಲ ಬಂದಾಗ ನೀನು ಐದನೇ ಕ್ಲಾಸು. ಅವರ ಪಿಂಚಣಿ ನಿಂತುಹೋಗಿತ್ತು. ಪರಿಶೀಲನೆಗೆ ಬಂದವರು ಮನೆಗೆ ಬೀಗ ನೋಡಿ, ಈ ವಿಳಾಸದಲ್ಲಿ ವಾಸವಿಲ್ಲ ಅಂತ ಬರೆದುಕೊಂಡು ಹೋಗಿದ್ದರಂತೆ. ನಾನು ಎಂ.ಎ. ಕನ್ನಡ ಮಾಡಿದವಳು, ಕಚೇರಿ ಕನ್ನಡ ಕೈಗೆ ಚೆನ್ನಾಗಿ ಕೂತಿತ್ತು. “ಸದರಿ ಅರ್ಜಿದಾರರು ವಾಸವಿರುವುದಿಲ್ಲವೆಂದು ವರದಿ ಮಾಡಲಾಗಿದ್ದು, ಸದರಿ ವರದಿಯನ್ನು ಮರುಪರಿಶೀಲಿಸಿ” ಅಂತ ಒಂದು ಪುಟ ಟೈಪ್ ಮಾಡಿ, ಹೆಬ್ಬೆಟ್ಟು ಹಾಕಿಸಿ ಕಳಿಸಿದೆ. ಮೂರು ವಾರಕ್ಕೆ ಉತ್ತರ ಬಂತು. ಒಂದೇ ಸಾಲು: “ಸ್ಥಳ ಪರಿಶೀಲನೆಯ ವೇಳೆ ಮನೆಗೆ ಬೀಗ ಹಾಕಲಾಗಿತ್ತು.”

ಅಜ್ಜಿ ಆ ಕಾಗದ ಹಿಡಿದು ಬಂದರು. ಓದಿ ಹೇಳಿದೆ. ಅವರು ತಕ್ಷಣ, “ಹೌದು ಕಣವ್ವ, ಹಾಕಿದ್ದೆ. ಹಾಕ್ದೆ ಹೂವಿಗೆ ಹೆಂಗೋಗ್ಲಿ?” ಅಂದರು.

ನಾನು ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ನಾನು ಬರೆದಿದ್ದ ಒಂದು ಪುಟದಲ್ಲಿ ಇಲ್ಲದ್ದು ಅವರ ಆ ಒಂದು ಮಾತಿನಲ್ಲಿತ್ತು. ಮತ್ತೆ ಬರೆದೆ. ಅದರ ಪ್ರತಿ ಇಂದಿಗೂ ನನ್ನ ಬಳಿ ಇದೆ:

“ನೀವು ಬಂದಾಗ ಮನೆಗೆ ಬೀಗ ಇತ್ತು. ನಿಜ. ಬೀಗ ಹಾಕಿದ್ದು ನಾನೇ. ದಿನಾ ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರುಕಟ್ಟೆಗೆ ಹೂವಿಗೆ ಹೋಗುತ್ತೇನೆ. ಹನ್ನೊಂದರವರೆಗೆ ದೇವಸ್ಥಾನದ ಮುಂದೆ ಕೂತು ಮಾರುತ್ತೇನೆ. ನನಗೆ ಎಪ್ಪತ್ತೆರಡು ವರ್ಷ. ದುಡಿಯದೆ ಉಣ್ಣುವ ಹಾಗಿದ್ದರೆ ಮನೆಯಲ್ಲೇ ಇರುತ್ತಿದ್ದೆ, ನೀವು ಬಂದಾಗ ಬಾಗಿಲು ತೆರೆಯುತ್ತಿದ್ದೆ. ಆಗ ನನಗೆ ಪಿಂಚಣಿಯೂ ಬೇಕಿರಲಿಲ್ಲ.”

ಎರಡು ತಿಂಗಳ ಮೇಲೆ ಪಿಂಚಣಿ ಬಂತು. ಈ ಕಾಗದದಿಂದಲೇ ಬಂತು ಅಂತ ನಾನು ಹೇಳಲಾರೆ. ಆದರೆ ಅಂದಿನಿಂದ ನಾನು ಅರ್ಜಿ ಬರೆಯುವ ರೀತಿ ಬದಲಾಯಿತು.

ಎಷ್ಟೋ ವರ್ಷದ ಮೇಲೆ ಗ್ರೀಕರ ವಾದಕಲೆಯ ಬಗ್ಗೆ ಓದುವಾಗ ಮೈ ಜುಮ್ಮೆಂದಿತು ಪುಟ್ಟಿ. ಈ ವಿದ್ಯೆ ಹುಟ್ಟಿದ್ದು ಗ್ರೀಕರು ನೆಲೆಸಿದ್ದ ಸಿಸಿಲಿ ದ್ವೀಪದ ಸಿರಾಕ್ಯೂಸ್ ಊರಿನಲ್ಲಿ ಅನ್ನುತ್ತಾರೆ, ಕ್ರಿ.ಪೂ. 5ನೇ ಶತಮಾನದಲ್ಲಿ. ದಬ್ಬಾಳಿಕೆಯ ಆಳ್ವಿಕೆ ಬಿದ್ದ ಮೇಲೆ ಜನ ಕಳೆದುಕೊಂಡ ಜಮೀನು ಕೇಳಲು ಬಂದರು. ತಮ್ಮ ಪರ ತಾವೇ ಮಾತಾಡಬೇಕಿತ್ತು. ಆಗ ಕೋರಾಕ್ಸ್ ಎಂಬಾತ ಹೇಗೆ ವಾದಿಸಬೇಕು ಅಂತ ಕಲಿಸಿದನಂತೆ. ನೋಡು, ಜಮೀನಿನ ತಕರಾರಿನಿಂದ ಹುಟ್ಟಿದ ವಿದ್ಯೆ ಇದು. ಅಥೆನ್ಸ್‌ನಲ್ಲೂ ಕಕ್ಷಿದಾರನೇ ನಿಂತು ಮಾತಾಡಬೇಕು, ಆದರೆ ಮಾತನ್ನು ಬೇರೆಯವರಿಂದ ಬರೆಸಿಕೊಳ್ಳಬಹುದಿತ್ತು. ಹಾಗೆ ಬರೆದುಕೊಡುತ್ತಿದ್ದವರಲ್ಲಿ ಹೆಸರಾದವನು ಲೀಸಿಯಸ್. ಸಿರಾಕ್ಯೂಸಿನಿಂದ ಬಂದ ಮನೆತನದವನು, ಅಥೆನ್ಸಿನ ಪೌರತ್ವ ಇರಲಿಲ್ಲ. ನನ್ನ ಕಸುಬಿನವನು!

ಕ್ರಿ.ಪೂ. 400ರ ಆಸುಪಾಸಿನ ಒಂದು ಭಾಷಣ ಅವನ ಹೆಸರಿನಲ್ಲಿ ಉಳಿದಿದೆ. ಕಾಲು ಸರಿಯಿಲ್ಲದ ಒಬ್ಬ ಅಂಗಡಿಯವನಿಗೆ ಊರಿನಿಂದ ದಿನಕ್ಕೆ ಒಂದು ಒಬೊಲ್ ಪಿಂಚಣಿ ಬರುತ್ತಿತ್ತು. ಒಬೊಲ್ ಅಂದರೆ ಸಣ್ಣ ಬೆಳ್ಳಿ ನಾಣ್ಯ. ನ್ಯಾಯಪಂಚರಾಗಿ ಕೂತವರಿಗೇ ಆಗ ದಿನಕ್ಕೆ ಮೂರು ಒಬೊಲ್ ಕೊಡುತ್ತಿದ್ದರು ಅಂದರೆ ಲೆಕ್ಕ ಹಾಕು. ಅದಕ್ಕೂ ಒಬ್ಬ ತಕರಾರು ತೆಗೆದ: ಇವನು ಕುದುರೆ ಹತ್ತುತ್ತಾನೆ, ಇವನಿಗೆಂಥ ಊನ ಅಂತ. ಅಂಗಡಿಯವನು ತಾನು ಕುದುರೆ ಹತ್ತಲ್ಲ ಅಂತ ಹೇಳಲಿಲ್ಲ. ಹತ್ತುತ್ತೇನೆ ಅಂದ. ನಡೆಯಲಾಗದ್ದಕ್ಕೇ ಹತ್ತುತ್ತೇನೆ, ಅದೂ ಬೇರೆಯವರ ಕುದುರೆ. ದುಡ್ಡಿದ್ದಿದ್ದರೆ ಮೆತ್ತನೆ ಜೀನು ಹಾಕಿದ ಸ್ವಂತ ಹೇಸರಗತ್ತೆಯ ಮೇಲೆ ಹೋಗುತ್ತಿದ್ದೆ. ಬೇರೆಯವರು ಒಂದು ಕೋಲು ಹಿಡಿದರೆ ನಾನು ಎರಡು ಹಿಡಿಯುತ್ತೇನೆ, ಅದನ್ನೂ ಗಟ್ಟಿಮುಟ್ಟಾಗಿರುವ ಗುರುತು ಅಂತ ಯಾಕೆ ಹೇಳಲ್ಲ ಅಂತ ಕೇಳಿದ.

ಅವನ ಕುದುರೆ, ನಮ್ಮ ಅಜ್ಜಿಯ ಬೀಗ. ಎರಡೂ ಒಂದೇ ಅಲ್ವಾ? ಎದುರಿನವನು ತಂದಿಟ್ಟ ಸತ್ಯವನ್ನು ಇಬ್ಬರೂ ಅಲ್ಲಗಳೆಯಲಿಲ್ಲ. ಕೈಯಲ್ಲಿ ತೆಗೆದುಕೊಂಡು, ಅದರ ಇನ್ನೊಂದು ಮುಖ ತೋರಿಸಿದರು.

ಈಗ ನಿನಗೆ ಬೇಜಾರಿನ ವಿಷಯ, ವ್ಯಾಕರಣ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸುವಾಗ ಅಳುತ್ತಿದ್ದೆ. ಅದು ಯಾವುದಕ್ಕೆ ಅಂತ ನಾವ್ಯಾರೂ ನಿನಗೆ ಹೇಳಲಿಲ್ಲ, ಅದು ನಮ್ಮ ತಪ್ಪು. ಈ ಎರಡು ವಾಕ್ಯ ಓದು. “ಮನೆಗೆ ಬೀಗ ಇದ್ದರೂ ನಾನು ಬಡವಳು.” “ನಾನು ಬಡವಳಾದ್ದರಿಂದಲೇ ಮನೆಗೆ ಬೀಗ.” ಮೊದಲನೆಯದರಲ್ಲಿ ಬೀಗ ಅಡ್ಡ ನಿಂತಿದೆ, ಅದನ್ನು ದಾಟಿಕೊಂಡು ಹೋಗಬೇಕು. ಎರಡನೆಯದರಲ್ಲಿ ಅದೇ ಬೀಗ ಸಾಕ್ಷಿ. ಬದಲಾಗಿದ್ದು ಏನು? ‘ಊ’ ಹೋಗಿ ‘ಇಂದ’ ಬಂತು, ಜೊತೆಗೆ ಒಂದು ‘ಏ’. ‘ಇಂದ’ ಅನ್ನುವ ತೃತೀಯಾ ವಿಭಕ್ತಿಯೂ ಒತ್ತಿ ಹೇಳುವ ‘ಏ’ ಅನ್ನುವ ಅವಧಾರಣೆಯ ಅವ್ಯಯವೂ ಸೇರಿ ಒಬ್ಬ ಮುದುಕಿಯ ಪರ ನಿಂತವು.

ಕೇಶಿರಾಜ 1260ರ ಸುಮಾರಿಗೆ ಬರೆದ ಶಬ್ದಮಣಿದರ್ಪಣದಲ್ಲಿ ಒಂದು ಪದ್ಯ ಇದೆ. ವ್ಯಾಕರಣದಿಂದ ಪದ, ಪದದಿಂದ ಅರ್ಥ, ಅರ್ಥದಿಂದ ತತ್ವದ ತಿಳಿವು, ಅದರಿಂದ ಮುಕ್ತಿ ಅಂತ ಅದರ ಸಾರ. ಓದುವಾಗ ಆ ‘ಇಂದ’ಗಳನ್ನು ಎಣಿಸಿಕೊಂಡು ಹೋಗು. ಒಂದೊಂದು ಮೆಟ್ಟಿಲನ್ನೂ ಹಿಡಿದಿರುವುದು ಆ ಪ್ರತ್ಯಯವೇ.

ಇನ್ನು ‘ಬೀಗ ಹಾಕಲಾಗಿತ್ತು’. ಈ ‘ಲಾಗಿದೆ, ಲಾಗಿತ್ತು, ಲಾಗುವುದು’ಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಕರ್ಮಣಿ ಪ್ರಯೋಗ ಬೇಡ ಅನ್ನುವುದಿಲ್ಲ, ಯಾರು ಮಾಡಿದರೋ ಗೊತ್ತಿಲ್ಲದಾಗ ಅದು ಬೇಕು. ಆದರೆ ‘ರಸ್ತೆ ಅಗೆಯಲಾಗಿದೆ’ ಅಂದರೆ ಅಗೆದವರು ಯಾರು? ‘ಕ್ರಮ ಕೈಗೊಳ್ಳಲಾಗುವುದು’ ಅಂದರೆ ಯಾರು, ಯಾವತ್ತು? ಕರ್ತೃ ಮಾಯವಾದ ಕಡೆ ಹೊಣೆಯೂ ಮಾಯ. ‘ಬೀಗ ಹಾಕಿದ್ದು ನಾನೇ’ ಅಂತ ಅಜ್ಜಿ ಮುಂದೆ ಬಂದು ನಿಂತಾಗ ಓದುವವರಿಗೆ ಒಬ್ಬ ಮನುಷ್ಯಳು ಕಂಡಳು. ಮಾತಾಡುವವರ ನಡತೆಯೇ ಹೆಚ್ಚುಕಡಿಮೆ ಎಲ್ಲಕ್ಕಿಂತ ದೊಡ್ಡ ಪುರಾವೆ ಅಂತ ಅರಿಸ್ಟಾಟಲ್ ಹೇಳಿದ್ದೂ ಇದನ್ನೇ ಇರಬೇಕು. ಅದಕ್ಕೇ ಹೇಳುತ್ತೇನೆ, ಸುಳ್ಳಿಗೆ ಈ ವಿದ್ಯೆ ಬಳಸಬೇಡ. ಅಜ್ಜಿ ನಿಜವಾಗಿಯೂ ನಾಲ್ಕಕ್ಕೆ ಏಳುತ್ತಿದ್ದರು.

850ರ ಹೊತ್ತಿನ ಕವಿರಾಜಮಾರ್ಗದಲ್ಲಿ ಈ ನಾಡಿನ ಜನರನ್ನು ಹೊಗಳುವ ಮಾತು ನಿನಗೆ ಗೊತ್ತೇ ಇದೆ, ಓದದೆಯೂ ಕಾವ್ಯ ಬಲ್ಲವರು ಅಂತ. ಎಲ್ಲರೂ ಅದನ್ನೇ ಹೇಳುತ್ತಾರೆ. ಅದೇ ಪದ್ಯದ ಮೊದಲ ಸಾಲು ನನಗೆ ಇನ್ನೂ ಇಷ್ಟ: “ಪದನಱಿದು ನುಡಿಯಲುಂ ನುಡಿದುದನಱಿದಾರಯಲುಂ.” ಹದ ತಿಳಿದು ಮಾತಾಡಲೂ ಬಲ್ಲರು, ಇನ್ನೊಬ್ಬರು ಆಡಿದ್ದನ್ನು ತಿಳಿದು ತೂಗಲೂ ಬಲ್ಲರು. ನಿನಗೆ ಮೊದಲನೆಯದು ಬರುತ್ತದೆ ಪುಟ್ಟಿ. ಎರಡನೆಯದು ಇನ್ನೂ ಬರಬೇಕು. ಆ ಹುಡುಗ ಬಸ್ಸಿಲ್ಲ ಅಂದಾಗ, “ನಿಜ, ನಿಮ್ಮ ಕಡೆ ಬಸ್ಸಿಲ್ಲ. ಬಸ್ಸಿಲ್ಲದ್ದರಿಂದಲೇ ಈ ಶುಲ್ಕ ಬೇಕು, ಆ ದುಡ್ಡಿನಲ್ಲಿ ಮೊದಲ ಬಸ್ಸು ನಿಮ್ಮ ಬಡಾವಣೆಗೇ ಬರಲಿ” ಅಂದಿದ್ದರೆ? ಅವನೂ ತಲೆ ಆಡಿಸುತ್ತಿದ್ದನೇನೋ.

ಅವೆನ್ಯೂ ರಸ್ತೆಯಲ್ಲಿ ಹಳೇ ಶಬ್ದಮಣಿದರ್ಪಣ ಸಿಕ್ಕಿತು. ರಟ್ಟು ಕಿತ್ತಿತ್ತು, ಅಂಟಿಸಿದ್ದೇನೆ. ಚಟ್ನಿಪುಡಿ ಡಬ್ಬದ ಜೊತೆ ನಾಳೆ ಬಸ್ಸಿಗೆ ಹಾಕುತ್ತೇನೆ. ಮುಂದಿನ ಸ್ಪರ್ಧೆಗೆ ನಿನ್ನ ವಾದ ಆಮೇಲೆ ಬರೆ. ಮೊದಲು ಎದುರಿನವರ ವಾದವನ್ನು, ಅವರೇ ಓದಿ ‘ಹೌದು, ಇದೇ ನಮ್ಮ ಮಾತು’ ಅನ್ನುವ ಹಾಗೆ ಒಂದು ಪುಟ ಬರೆದು ನನಗೆ ಕಳಿಸು. ಇವತ್ತು ಅಜ್ಜಿ ಬಂದಿದ್ದರು, ನಿನ್ನನ್ನು ಕೇಳಿದರು. ಒಂದು ಮೊಳ ಸೇವಂತಿಗೆ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ನಿನ್ನ,
ಅಮ್ಮ