ಲೋಡ್ ಬಿದ್ದಾಗ ಸಿಡಿಯುವ ಎಂಜಿನ್: ಕಾರ್ಬುರೇಟರ್ ಬದಲಿಸುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಂದಾಗಿ ತೋಟದಲ್ಲಿ ಮಣ್ಣಿನ ಕೆಲಸ ಶುರುವಾಗುತ್ತಿದ್ದಂತೆ ರಿಪೇರಿ ಅಂಗಡಿಗಳ ಮುಂದೆ ಕಳೆ ಕೀಳುವ ಪವರ್ ವೀಡರ್‌ಗಳು ಸಾಲುಗಟ್ಟುತ್ತವೆ. ದೂರು ಹೆಚ್ಚುಕಡಿಮೆ ಒಂದೇ. ಖಾಲಿ ಓಡಿಸಿದರೆ ಎಂಜಿನ್ ಚೆನ್ನಾಗಿದೆ, ಬ್ಲೇಡ್ ಮಣ್ಣಿಗಿಳಿದ ಕೂಡಲೇ ಢಬ್ ಢಬ್ ಎಂದು ಸಿಡಿಯುತ್ತದೆ, ಎಳೆಯುವುದೇ ಇಲ್ಲ. ಉತ್ತರವೂ ಬಹಳ ಕಡೆ ಒಂದೇ: ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಹೋಗಿದೆ, ಹೊಸದು ಹಾಕೋಣ. ಅದರಿಂದ ಸಿಡಿತ ನಿಲ್ಲದಿದ್ದರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್, ಆಮೇಲೆ ಬೋರು-ಪಿಸ್ಟನ್. ಸಣ್ಣ ಸಂದು ಅಳೆಯುವ ಒಂದು ಫೀಲರ್ ಗೇಜ್, ಒಂದು ಪ್ಲಗ್ ಸ್ಪ್ಯಾನರ್ ಇದ್ದು ಯಾವುದನ್ನು ಮೊದಲು ನೋಡಬೇಕು ಎಂಬುದು ಗೊತ್ತಿದ್ದರೆ ಈ ಖರ್ಚಿನಲ್ಲಿ ಹೆಚ್ಚಿನದು ಬೇಕಾಗುವುದೇ ಇಲ್ಲ. ಅದನ್ನು ರೈತರಿಗೆ ತಲುಪಿಸಲೆಂದು ಈ ಪತ್ರ.

ಇಲ್ಲಿ ಹೇಳುತ್ತಿರುವುದು ಒಂಟಿ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಬಗ್ಗೆ. ವೀಡರ್, ನೀರಿನ ಪಂಪು, ಆಟದ ಮೈದಾನದಲ್ಲಿ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ, ಯಾವುದಕ್ಕೇ ಕೂರಿಸಿರಲಿ, ಅದು ಸಿಡಿಯುವ ಕಾರಣಗಳು ಇವೇ. ಅಳತೆಗಳು ಹೋಂಡಾ ಜಿಎಕ್ಸ್ 160 ಎಂಜಿನ್ನಿನವು. 168ಎಫ್ ಎಂಬ ಗುರುತಿನ ಚೀನಾ ಎಂಜಿನ್‌ಗಳೂ ಇದೇ ವಿನ್ಯಾಸದವು. ಬೇರೆ ಎಂಜಿನ್ನಾದರೆ ಅದರ ಕೈಪಿಡಿಯ ಅಳತೆಯನ್ನೇ ಹಿಡಿಯಬೇಕು.

ಲೋಡ್ ಬಿದ್ದಾಗ ಮಾತ್ರ ಯಾಕೆ ಸಿಡಿಯುತ್ತದೆ? ಖಾಲಿ ಓಡುವಾಗ ಗಾಳಿ ಒಳಬಿಡುವ ಥ್ರಾಟಲ್ ಸ್ವಲ್ಪವೇ ತೆರೆದಿರುತ್ತದೆ, ಎಂಜಿನ್ನಿಗೆ ಅಷ್ಟಿಷ್ಟು ಪೆಟ್ರೋಲ್ ಸಾಕು. ಬ್ಲೇಡ್ ಮಣ್ಣಿಗೆ ತಾಗಿ ವೇಗ ಇಳಿದ ಕೂಡಲೇ ವೇಗ ಕಾಯುವ ಗವರ್ನರ್ ಥ್ರಾಟಲನ್ನು ಪೂರ್ತಿ ತೆರೆಯುತ್ತದೆ. ಗಾಳಿ ಒಮ್ಮೆಲೇ ನುಗ್ಗುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು, ಅಂದರೆ ಮೇನ್ ಜೆಟ್, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಡಬೇಕು. ಸಿಲಿಂಡರಿನಲ್ಲಿ ಒತ್ತಡ ಏರುವುದರಿಂದ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ವಾಲ್ವ್‌ಗಳು ಬಿಗಿಯಾಗಿ ಕೂರಬೇಕು. ಈ ಮೂರರಲ್ಲಿ ಎಲ್ಲಿ ಕೊರತೆ ಇದ್ದರೂ ಅದು ಹೊರಬೀಳುವುದು ಆಗಲೇ. ಹಾಗಾಗಿ ಅಂಗಡಿಯ ನೆಲದ ಮೇಲೆ ಖಾಲಿ ಓಡಿಸಿ ‘ಸರಿಯಾಯ್ತು’ ಎಂದು ಕಳಿಸುವುದು ಪರೀಕ್ಷೆಯಲ್ಲ.

ಮೊದಲು ಶಬ್ದ ಎಲ್ಲಿಂದ ಬರುತ್ತಿದೆ ಎಂದು ಗಮನಿಸಬೇಕು. ಏರ್ ಫಿಲ್ಟರ್ ಕಡೆಯಿಂದ, ಅಂದರೆ ಕಾರ್ಬುರೇಟರ್ ಬಾಯಿಂದ ಸಿಡಿದರೆ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗಿರಬಹುದು, ಮಿಶ್ರಣವನ್ನು ಒಳಬಿಡುವ ಇನ್‌ಟೇಕ್ ವಾಲ್ವ್ ಸರಿಯಾಗಿ ಕೂರದಿರಬಹುದು ಅಥವಾ ಕಿಡಿ ಹೊತ್ತು ತಪ್ಪಿ ಬರುತ್ತಿರಬಹುದು. ಪೆಟ್ರೋಲ್ ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಮುಂದಿನ ಸುತ್ತಿಗೆ ಇನ್‌ಟೇಕ್ ವಾಲ್ವ್ ತೆರೆಯುವಾಗಲೂ ಒಳಗೆ ಬೆಂಕಿ ಉಳಿದಿದ್ದು ಹಿಂದಕ್ಕೆ ಹಾರುತ್ತದೆ. ಸೈಲೆನ್ಸರಿನಲ್ಲಿ ಸಿಡಿದರೆ ಕತೆಯೇ ಬೇರೆ. ಕಿಡಿ ತಪ್ಪಿ, ಉರಿಯದ ಪೆಟ್ರೋಲ್ ಹೊರಹೋಗಿ ಬಿಸಿ ಸೈಲೆನ್ಸರಿನಲ್ಲಿ ಹೊತ್ತಿಕೊಳ್ಳುತ್ತಿದೆ, ಇಲ್ಲವೇ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ. ಸೈಲೆನ್ಸರಿನ ನಟ್ ಸಡಿಲವಾಗಿ ಗ್ಯಾಸ್ಕೆಟ್ ಒಡೆದಿದ್ದರೂ ಹೊರಗಿನ ಗಾಳಿ ಒಳಸೇರಿ ಸಿಡಿಯುತ್ತದೆ. ಅಲ್ಲಿ ಕಪ್ಪು ಮಸಿಯ ಗೆರೆ ಕಾಣುತ್ತದೆ. ಫುಲ್ ಥ್ರಾಟಲ್‌ನಿಂದ ನೇರ ಸ್ವಿಚ್ ಆಫ್ ಮಾಡಿದಾಗ ಒಮ್ಮೆ ಢಂ ಎನ್ನುವುದು ಈ ರೋಗವಲ್ಲ. ಥ್ರಾಟಲ್ ಇಳಿಸಿ, ಸ್ವಲ್ಪ ಹೊತ್ತು ನಿಧಾನಕ್ಕೆ ಓಡಿಸಿ ನಿಲ್ಲಿಸಿದರೆ ಸಾಕು.

ಎರಡನೆಯದು ಚೋಕ್ ಪರೀಕ್ಷೆ. ಚೋಕ್ ಎಂದರೆ ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಲಿವರ್. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ಯಂತ್ರ ಮಣ್ಣಿನಲ್ಲಿ ಕೆಲಸ ಮಾಡುತ್ತ ಸಿಡಿಯುತ್ತಿರುವಾಗಲೇ ಚೋಕ್ ಅರ್ಧ ಎಳೆಯಬೇಕು. ಸಿಡಿತ ನಿಂತು ಬಲ ಬಂದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಹೆಚ್ಚುಕಡಿಮೆ ಖಚಿತ. ಕಪ್ಪು ಹೊಗೆ ಬಂದು ಎಂಜಿನ್ ಇನ್ನಷ್ಟು ಮುಗ್ಗರಿಸಿದರೆ ಕಾರ್ಬುರೇಟರ್ ಬಿಟ್ಟು ಕಿಡಿ ಮತ್ತು ವಾಲ್ವ್ ಕಡೆ ಹೋಗಬೇಕು.

ಪೆಟ್ರೋಲ್ ಸಾಲುತ್ತಿಲ್ಲ ಎಂದಾದರೆ ಟ್ಯಾಂಕಿನಿಂದ ಕೆಳಕ್ಕೆ ಇಳಿಯುತ್ತ ನೋಡಿ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸಿಡಿಯುವ ಎಂಜಿನ್ನಿನಲ್ಲಿ ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಕಟ್ಟಿರಬಹುದು. ಮುಚ್ಚಳ ಸಡಿಲಿಸಿದಾಗ ಚೇತರಿಸಿಕೊಂಡರೆ ಕಾರಣ ಸಿಕ್ಕಿತು. ಆಮೇಲೆ ಎಂಜಿನ್ ಆರಿದ ಮೇಲೆ ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನ ಡ್ರೇನ್ ಬೋಲ್ಟ್ ಬಿಚ್ಚಿ, ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿಯಿರಿ. ಧಾರೆ ಕಡಿಯದೆ ಬರಬೇಕು. ತೊಟ್ಟಿಕ್ಕಿದರೆ ಟ್ಯಾಪಿನ ಜಾಲರಿ, ಪೈಪು, ನೀಡಲ್ ವಾಲ್ವ್ ಇವುಗಳಲ್ಲಿ ಒಂದು ಕಟ್ಟಿದೆ. ಸೀಸೆಯನ್ನು ಅರ್ಧ ಗಂಟೆ ಅಲುಗಿಸದೆ ಇಟ್ಟು ನೋಡಿ. ತಳದಲ್ಲಿ ಬೇರೆ ಪದರ ನಿಂತರೆ ಅದು ನೀರು ಮತ್ತು ಎಥನಾಲ್ (ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್).

ಈ ಎಥನಾಲ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 20 ಶೇಕಡಾ ಎಥನಾಲ್ ಬೆರೆಸಿದ ಇ-20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಆದರೆ ರೈತರ ಮನೆಯಲ್ಲಿರುವ ಬಹಳಷ್ಟು ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಎಥನಾಲ್ 10 ಶೇಕಡಾ ಮೀರಬಾರದು ಎಂದಿದೆ. ಶುದ್ಧ ಪೆಟ್ರೋಲಿನ 1 ಕೆ.ಜಿ. ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ 9 ಕೆ.ಜಿ. ಸಾಕು. ಅಂದರೆ ಅಷ್ಟೇ ಗಾಳಿಗೆ ಇ-20 ಹೆಚ್ಚು ಸುರಿಯಬೇಕು. ಇ-10ಕ್ಕೆ ಹೋಲಿಸಿದರೆ ಸುಮಾರು 4 ಶೇಕಡಾ. ಹೊಸ ಬೈಕು, ಕಾರುಗಳಲ್ಲಿ ಸೆನ್ಸರ್ ನೋಡಿ ಕಂಪ್ಯೂಟರ್ ಇದನ್ನು ಸರಿದೂಗಿಸುತ್ತದೆ. ವೀಡರಿನ ಜೆಟ್ಟಿಗೆ ಇರುವುದು ಒಂದೇ ಅಳತೆಯ ತೂತು, ಸುಮಾರು 0.7 ಮಿ.ಮೀ. ಬರೀ ಇ-20 ಹಾಕಿದ್ದರಿಂದಲೇ ಒಳ್ಳೆಯ ಎಂಜಿನ್ ಸಿಡಿಯಲಿಕ್ಕಿಲ್ಲ. ಆದರೆ ಅರ್ಧ ಕಟ್ಟಿದ ಜೆಟ್ಟಿನ ಜೊತೆ ಇದೂ ಸೇರಿದರೆ ಸಿಡಿಯುತ್ತದೆ. ಮೇಲಾಗಿ ಎಥನಾಲ್ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕಿನೊಂದಿಗೆ ಮೂರ್ನಾಲ್ಕು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಯಂತ್ರದ ಬೌಲ್ ಬಿಚ್ಚಿದರೆ ಬಿಳಿ ಪುಡಿ, ಹಸಿರು ಕಿಲುಬು ಕಾಣುವುದು ಇದರಿಂದಲೇ. ಯಂತ್ರವನ್ನು ಒಳಗಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಬೌಲಿನ ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಟ್ಟರೆ ಈ ತೊಂದರೆ ಬಹುಪಾಲು ಬರುವುದಿಲ್ಲ.

ಜೆಟ್ ಕಟ್ಟಿದೆ ಎಂದು ಕಾರ್ಬುರೇಟರ್ ಎಸೆಯಬೇಕಿಲ್ಲ. ಬೌಲ್ ತೆಗೆದು, ಮೇನ್ ಜೆಟ್ ಬಿಚ್ಚಿ, ಅದರ ಹಿಂದೆ ಪೆಟ್ರೋಲಿಗೆ ಗಾಳಿ ಬೆರೆಸುವ ಎಮಲ್ಷನ್ ಟ್ಯೂಬನ್ನೂ ಹೊರತೆಗೆಯಬೇಕು. ಟ್ಯೂಬಿನ ಪಕ್ಕದ ಸಣ್ಣ ರಂಧ್ರಗಳನ್ನು ಬಿಟ್ಟು ಜೆಟ್ ಮಾತ್ರ ತೊಳೆದರೆ ವಾರದೊಳಗೆ ಯಂತ್ರ ವಾಪಸು ಬರುತ್ತದೆ. ಕಾರ್ಬ್ ಕ್ಲೀನರ್ ಹೊಡೆದು, ನೈಲಾನ್ ಎಳೆ ತೂರಿಸಿ, ಗಾಳಿ ಊದಿ, ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಉಕ್ಕಿನ ತಂತಿ ತೂರಿಸಬೇಡಿ; ಹಿತ್ತಾಳೆಯ ತೂತು ಹಿಗ್ಗಿದರೆ ಮತ್ತೆ ಕುಗ್ಗುವುದಿಲ್ಲ. ಜೋಡಿಸುವಾಗ ಎಂಜಿನ್ ಹೆಡ್, ಗ್ಯಾಸ್ಕೆಟ್, ಕಪ್ಪು ಇನ್ಸುಲೇಟರ್, ಗ್ಯಾಸ್ಕೆಟ್, ಕಾರ್ಬುರೇಟರ್ ಎಂಬ ಕ್ರಮ ತಪ್ಪಬಾರದು. ಅಲ್ಲಿ ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆ ಸಂದಿಗೆ ಬ್ರಷ್‌ನಿಂದ ಎಂಜಿನ್ ಆಯಿಲ್ ಹಚ್ಚಿ. ಶಬ್ದ ಬದಲಾದರೆ ಸೋರಿಕೆ ಇದೆ. ಇಲ್ಲಿ ಸ್ಪ್ರೇ ಬಳಸಬೇಡಿ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ. ಏರ್ ಫಿಲ್ಟರ್ ತೆಗೆದು ಓಡಿಸುವುದೂ ಪರಿಹಾರವಲ್ಲ. ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ, ಧೂಳು ಬೋರನ್ನು ತಿನ್ನುತ್ತದೆ.

ಕಿಡಿಯ ವಿಷಯಕ್ಕೆ ಬಂದರೆ, ಪ್ಲಗ್ಗಿನ ಮಾದರಿ ಬಿಪಿಆರ್6ಇಎಸ್, ಗ್ಯಾಪ್ 0.7ರಿಂದ 0.8 ಮಿ.ಮೀ. ಪ್ಲಗ್ಗನ್ನು ಹೊರಗೆ ಹಿಡಿದು ಕಿಡಿ ನೋಡಿ ‘ಕರೆಂಟ್ ಇದೆ’ ಎನ್ನುವುದು ಸಾಲದು. ಹೊರಗಿನ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರದೆ ಇರಬಹುದು. ಸ್ಪಾರ್ಕ್ ಟೆಸ್ಟರಿನಲ್ಲಿ 4 ಮಿ.ಮೀ. ಅಂತರ ಇಟ್ಟು, ಎಂಜಿನ್ ಬಿಸಿಯಾಗಿ ತೊಂದರೆ ಕೊಡುತ್ತಿರುವಾಗಲೇ ನೋಡಬೇಕು. ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಕೈಕೊಡುವುದು ಕಾಯಿಲ್‌ಗಳ ಸಾಮಾನ್ಯ ಗುಣ. ಕಾಯಿಲ್ ಮತ್ತು ಫ್ಲೈವೀಲ್ (ಶಾಫ್ಟಿನ ತುದಿಯ ಭಾರದ ಚಕ್ರ) ನಡುವೆ 0.4 ಮಿ.ಮೀ. ಸಂದು ಇರಲಿ.

ಬಹಳ ಮಂದಿ ನೋಡದೇ ಬಿಡುವುದು ಫ್ಲೈವೀಲ್ ಕೀ, ಅಂದರೆ ಫ್ಲೈವೀಲ್ ಮತ್ತು ಶಾಫ್ಟಿನ ನಡುವೆ ಕೂರುವ ಸಣ್ಣ ಲೋಹದ ತುಂಡು. ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದು ಎಂಜಿನ್ ಥಟ್ಟನೆ ನಿಂತಾಗ, ಅಥವಾ ಫ್ಲೈವೀಲ್ ನಟ್ ಸಡಿಲವಿದ್ದಾಗ ಈ ಅರೆಚಂದ್ರಾಕಾರದ ಕೀ ಕತ್ತರಿಸಿಹೋಗುತ್ತದೆ. ಪೂರ್ತಿ ಕತ್ತರಿಸಿದರೆ ಎಂಜಿನ್ ಸ್ಟಾರ್ಟ್ ಆಗುವುದೇ ಕಷ್ಟ. ಅರ್ಧ ಕತ್ತರಿಸಿದರೆ ಓಡುತ್ತದೆ, ಸಿಡಿಯುತ್ತದೆ. 20 ಮಿ.ಮೀ. ಶಾಫ್ಟಿನಲ್ಲಿ 1 ಮಿ.ಮೀ. ಸರಿದರೂ ಕಿಡಿಯ ಹೊತ್ತು 5ರಿಂದ 6 ಡಿಗ್ರಿ ತಪ್ಪುತ್ತದೆ. ಸ್ಟಾರ್ಟ್ ಮಾಡುವಾಗ ಹಗ್ಗ ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ ಮೊದಲು ಇದನ್ನೇ ಅನುಮಾನಿಸಿ. ಪ್ಲಗ್ ಕ್ಯಾಪ್ ಕಳಚಿ, ಪುಲ್ಲರ್ ಹಾಕಿ ಫ್ಲೈವೀಲ್ ತೆಗೆಯಬೇಕು, ಸುತ್ತಿಗೆಯಿಂದ ಬಡಿಯಬಾರದು. ಹೊಸ ಕೀ ಹಾಕುವಾಗ ಶಾಫ್ಟಿನ ಓರೆ ಮೈಯನ್ನೂ ಫ್ಲೈವೀಲಿನ ಒಳಮೈಯನ್ನೂ ಒಣಗಿದ ಬಟ್ಟೆಯಿಂದ ಒರೆಸಿ. ಆಯಿಲ್, ಗ್ರೀಸ್ ಹಚ್ಚಬೇಡಿ. ಹಿಡಿತ ಕೊಡುವುದು ಆ ಓರೆ ಮೈ. ಕೀ ಇರುವುದು ಜಾಗ ತೋರಿಸಲು ಮಾತ್ರ. ನಟ್ಟನ್ನು ಟಾರ್ಕ್ ರೆಂಚಿನಲ್ಲಿ 75 ನ್ಯೂಟನ್ ಮೀಟರಿಗೆ ಬಿಗಿಯಬೇಕು.

ವಾಲ್ವ್ ಸಂದು, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಅಂತರ, ಎಂಜಿನ್ ಪೂರ್ತಿ ಆರಿದಾಗ ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿ.ಮೀ. ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಯಲ್ಲಿ ಪಿಸ್ಟನ್ ನಿಲ್ಲಿಸಿ, ಎರಡೂ ರಾಕರ್ ಸಡಿಲವಿರುವಾಗ ಅಳೆಯಬೇಕು. ಓಡಿದಂತೆ ವಾಲ್ವ್ ಸೀಟು ಸವೆದು ಈ ಸಂದು ಕಿರಿದಾಗುತ್ತದೆ. ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಬೆಂಕಿ ಹೊರಹಾರುತ್ತದೆ. ಟಕ್ ಟಕ್ ಶಬ್ದ ಬಾರದಿರಲಿ ಎಂದು ಟ್ಯಾಪೆಟ್ (ಈ ಸಂದು) ಬಿಗಿ ಮಾಡುವ ಅಭ್ಯಾಸ ಅಪಾಯಕಾರಿ. ವರ್ಷಕ್ಕೊಮ್ಮೆ ಅಥವಾ 300 ಗಂಟೆಗೊಮ್ಮೆ ಅಳೆಯಬೇಕು. ಅಳತೆ ಸರಿಯಿದ್ದೂ ಸಿಡಿದರೆ, ಪಿಸ್ಟನ್ ಮೇಲ್ತುದಿಯಲ್ಲೇ ಶಾಫ್ಟ್ ತಿರುಗದಂತೆ ಹಿಡಿದು ಪ್ಲಗ್ ತೂತಿನಿಂದ ಗಾಳಿ ತುಂಬಿಸಿ ಕಿವಿಗೊಡಿ. ಕಾರ್ಬುರೇಟರಿನಲ್ಲಿ ಸುಯ್ ಎಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಿ ಎಂದರೆ ಎಕ್ಸಾಸ್ಟ್, ಆಯಿಲ್ ಮುಚ್ಚಳದಲ್ಲಿ ಎಂದರೆ ಪಿಸ್ಟನ್ ರಿಂಗು ಸೋರುತ್ತಿದೆ. ಬೋರು-ಪಿಸ್ಟನ್ ಮಾತು ಎತ್ತಬೇಕಾದ್ದು ಇಷ್ಟಾದ ಮೇಲೆ.

ಸಹಾಯಧನದಲ್ಲಿ ಯಂತ್ರ ಕೊಡಿಸುವ ಕೃಷಿ ಇಲಾಖೆಯಲ್ಲಿ ನಮ್ಮ ಕೋರಿಕೆ ಇದು. ಪ್ಲಗ್ ಗ್ಯಾಪ್, ಕಾಯಿಲ್ ಸಂದು, ಎರಡು ವಾಲ್ವ್ ಸಂದು, ಎಷ್ಟು ಎಥನಾಲ್ ತಡೆಯುತ್ತದೆ ಎಂಬ ಐದು ಅಳತೆಗಳನ್ನು ಕನ್ನಡದಲ್ಲಿ ಅಚ್ಚು ಮಾಡಿ ಎಂಜಿನ್ ಮೇಲೆ ಅಂಟಿಸದ ಯಂತ್ರವನ್ನು ಪಟ್ಟಿಗೆ ಸೇರಿಸಬೇಡಿ. ಯಂತ್ರದ ಜೊತೆ ಒಂದು ಫೀಲರ್ ಗೇಜ್, ಒಂದು ಬದಲಿ ಕೀ ಕೊಡುವುದನ್ನು ಕಡ್ಡಾಯ ಮಾಡಿ. ಯಂತ್ರ ಬಾಡಿಗೆಗೆ ಕೊಡುವ ಹೋಬಳಿಗಳ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಎಂಜಿನ್ ಬಿಚ್ಚಿ ತೋರಿಸುವ ಅರ್ಧ ದಿನದ ತರಬೇತಿ ನಡೆಯಲಿ. ರೈತರ ಜೊತೆ ಊರಿನ ಮೆಕ್ಯಾನಿಕ್‌ಗಳನ್ನೂ ಕರೆಯಲಿ.

ಇಂತಿ,
ಸಣ್ಣ ಎಂಜಿನ್ ದುರಸ್ತಿಗಾರರು,
ಸಾಗರ ತಾಲ್ಲೂಕು