ಸುಮಳ ಮದುವೆಯ ವಿಷಯವಾಗಿ ಅಪ್ಪನಿಗೆ

ವೆಸ್ಟ್ ಹಾರ್ಟ್‌ಫರ್ಡ್, ಕನೆಕ್ಟಿಕಟ್
ಭಾನುವಾರ

ತೀರ್ಥರೂಪ ಅಪ್ಪನಿಗೆ ಪ್ರಸಾದ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಲ್ಲಿಯೂ ಎಲ್ಲರೂ ಕ್ಷೇಮ ಅಂತ ನಂಬಿದ್ದೇನೆ. ಅಮ್ಮನ ಗಂಟುನೋವು ಹೇಗಿದೆ? ಅಡಿಕೆಗೆ ಎರಡನೇ ಮದ್ದು ಬಿಟ್ಟಾಯಿತಾ? ಮಳೆ ಬಿಡುವೇ ಕೊಡುತ್ತಿಲ್ಲ ಅಂತ ಭಾವ ಹೇಳಿದ್ದರು. ಇಲ್ಲಿ ಈಗ ಬೇಸಿಗೆ. ರಾತ್ರಿ ಎಂಟು ಗಂಟೆಗೂ ಬಿಸಿಲು ಇರುತ್ತದೆ. ಹಾಗಾದರೆ ದೇವರಿಗೆ ದೀಪ ಹಚ್ಚುವುದು ಯಾವಾಗ ಅಂತ ಅಮ್ಮ ಕೇಳಿದ್ದಳು. ಏಳಕ್ಕೇ ಹಚ್ಚುತ್ತೇವೆ, ಚಿಂತೆ ಬೇಡ ಅಂತ ಹೇಳಿ.

ನಿಮ್ಮ ಕಾಗದ ಓದಿದ ಮೇಲೆ ನನಗೆ ಬೇರೆ ಯಾವ ವಿಷಯವೂ ತಲೆಗೆ ಹೋಗುತ್ತಿಲ್ಲ. ಆಟಿ ತಿಂಗಳು ಕಳೆದ ಕೂಡಲೇ ಕಿವಿ ಕೇಳದ ನಮ್ಮ ಸುಮಳನ್ನು ಭಾವನ ಅಕ್ಕನ ಮಗ ಗಣೇಶನಿಗೆ ಕೊಡುವ ಮಾತು ಮುಗಿಸಬೇಕು ಅಂತ ಬರೆದಿದ್ದೀರಿ. ಹೊರಗಿನವರು ಯಾರು ಒಪ್ಪುತ್ತಾರೆ, ಮನೆಯೊಳಗೇ ಆದರೆ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ ಅಂತ ದೊಡ್ಡಮ್ಮನ ಅಭಿಪ್ರಾಯ. ಸುಮ ಇಷ್ಟಪಟ್ಟ ಪುತ್ತೂರಿನ ಹುಡುಗ ಬೇಡ, ಇಬ್ಬರಿಗೂ ಕಿವಿ ಕೇಳದಿದ್ದರೆ ಹುಟ್ಟುವ ಮಕ್ಕಳಿಗೂ ಕೇಳುವುದಿಲ್ಲ ಅಂತ ಭಾವನ ಹೆದರಿಕೆ. ಅಪ್ಪ, ಅವರೆಲ್ಲ ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ನನಗೆ ಗೊತ್ತು. ಆದರೆ ಲೆಕ್ಕ ಪೂರ್ತಿ ತಲೆಕೆಳಗಾಗಿದೆ. ಸೋದರಮಾವ ಅಂತ ನನಗೂ ಒಂದು ಮಾತು ಹೇಳುವ ಹಕ್ಕು ಇದೆಯಲ್ಲ, ದಯವಿಟ್ಟು ಪೂರ್ತಿ ಓದಿ. ನೀವು ಮೇಷ್ಟ್ರಾಗಿದ್ದವರು, ರಿಜಿಸ್ಟರ್ ಅಂದರೆ ಏನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ.

ನಾವಿರುವ ಈ ಊರಿನಲ್ಲೇ ಅಮೆರಿಕದ ಮೊದಲ ಕಾಯಂ ಕಿವುಡು ಮಕ್ಕಳ ಶಾಲೆ ಇದೆ. 1817ರ ಏಪ್ರಿಲ್ 15ಕ್ಕೆ ಹಾರ್ಟ್‌ಫರ್ಡ್ ಪೇಟೆಯ ಒಂದು ಹೋಟೆಲಿನ ಕಟ್ಟಡದಲ್ಲಿ ಶುರುವಾಗಿದ್ದು. ನಾನು ದಿನಾ ಆಫೀಸಿಗೆ ಹೋಗುವ ರಸ್ತೆಗೆ ಅಸೈಲಮ್ ಅವೆನ್ಯೂ ಅಂತ ಹೆಸರು ಬಂದದ್ದೇ ಆ ಶಾಲೆಯಿಂದ. ಎರಡು ದೊಡ್ಡ ಕೈಗಳ ನಡುವೆ ಒಬ್ಬಳು ಚಿಕ್ಕ ಹುಡುಗಿ ನಿಂತಿರುವ ವಿಗ್ರಹ ಅಲ್ಲಿದೆ. ಅವಳು ಆಲಿಸ್ ಕಾಗ್ಸ್‌ವೆಲ್, ಒಬ್ಬ ಡಾಕ್ಟರ ಮಗಳು. ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ಅವಳಿಗಾಗಿಯೇ ಅವಳ ಅಪ್ಪ ಊರಿನವರ ಹತ್ತಿರ ಹಣ ಕೂಡಿಸಿ, ಪಕ್ಕದ ಮನೆಯ ತರುಣ ಗ್ಯಾಲೊಡೆಟ್ ಎಂಬವರನ್ನು ಯುರೋಪಿಗೆ ಕಳಿಸಿದರು. ಅವರು ಪ್ಯಾರಿಸ್‌ನಿಂದ ಲೊರಾಂ ಕ್ಲೆರ್ ಎಂಬ ಕಿವುಡ ಮೇಷ್ಟ್ರನ್ನು ಹಡಗಿನಲ್ಲಿ ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ಒಬ್ಬರು ಇಂಗ್ಲಿಷ್ ಕಲಿಸಿದರು, ಇನ್ನೊಬ್ಬರು ಸನ್ನೆ ಕಲಿಸಿದರು. ಕ್ಲೆರ್ ಚಿಕ್ಕವರಿದ್ದಾಗ ಬೆಂಕಿಗೆ ಬಿದ್ದು ಕೆನ್ನೆಯಲ್ಲಿ ಸುಟ್ಟ ಕಲೆ ಇತ್ತಂತೆ. ಎರಡು ಬೆರಳಿನಿಂದ ಕೆನ್ನೆ ಸವರಿದರೆ ಅದೇ ಅವರ ಹೆಸರು. ಇವತ್ತಿಗೂ ಇಲ್ಲಿಯ ಮಕ್ಕಳು ಅವರನ್ನು ಹಾಗೆಯೇ ಕರೆಯುತ್ತಾರೆ. ಸುಮ ನನ್ನನ್ನು ಗಲ್ಲದ ಹೊಲಿಗೆಯ ಗುರುತು ಮುಟ್ಟಿ ಕರೆಯುತ್ತಾಳೆ, ನಿಮ್ಮನ್ನು ಗಾಳಿಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಹಾಗೆ ಮಾಡಿ ಕರೆಯುತ್ತಾಳೆ, ಅಲ್ವಾ? ಅದೇ ಪದ್ಧತಿ. ಗಣೇಶನನ್ನು ಅವಳು ಏನಂತ ಕರೆಯುತ್ತಾಳೆ, ಅಕ್ಕನನ್ನು ಒಮ್ಮೆ ಕೇಳಿ ನೋಡಿ. ಅವನಿಗೆ ಅವಳ ಸನ್ನೆ ಒಂದೂ ಬರುವುದಿಲ್ಲ.

ಈ ಶಾಲೆಯವರು ಹಳೆಯ ವಾರ್ಷಿಕ ವರದಿಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದಾರೆ. ನನ್ನ ಅಕ್ಕನ ಮಗಳಿಗೂ ಕಿವಿ ಕೇಳುವುದಿಲ್ಲ ಅಂತ ಹೇಳಿದ್ದೇ ತಡ, ಅಲ್ಲಿಯ ಹೆಂಗಸು ಕುರ್ಚಿ ಎಳೆದು ಕೂರಿಸಿ ಒಂದೊಂದಾಗಿ ತೋರಿಸಿದರು. 1877ರ ವರದಿಯಲ್ಲಿ ಅಲ್ಲಿಯವರೆಗೆ ಸೇರಿದ ಮಕ್ಕಳ ಪಟ್ಟಿ ಇದೆ. ಹೆಸರು, ಊರು, ಕಿವಿ ಹೋದ ಕಾರಣ, ಮನೆಯಲ್ಲಿ ಬೇರೆ ಯಾರಿಗಾದರೂ ಕೇಳುವುದಿಲ್ಲವಾ ಅನ್ನುವ ವಿವರ. ನಾವು ಮದುವೆಗೆ ಜಾತಕ ನೋಡುವವರು ಈ ಕೊನೆಯದನ್ನು ಯಾವತ್ತಾದರೂ ಬರೆದಿಟ್ಟಿದ್ದೇವಾ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಭಾವ ಹೆದರಿದ ಹಾಗೆಯೇ ಹೆದರಿದ ಒಬ್ಬ ದೊಡ್ಡ ಮನುಷ್ಯ ಇಲ್ಲಿ ಇದ್ದ. ಟೆಲಿಫೋನಿನ ಗ್ರಹಾಂ ಬೆಲ್. ಅವನ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಅವನು ಇದೇ ಶಾಲೆಯ ಪಟ್ಟಿಗಳನ್ನು ಹಿಡಿದುಕೊಂಡು, ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಒಂದು ಕಿವುಡು ಜನಾಂಗವೇ ಹುಟ್ಟಿಬಿಡುತ್ತದೆ ಅಂತ 1883ರಲ್ಲಿ ವಿದ್ವಾಂಸರ ಸಭೆಯಲ್ಲಿ ಓದಿದ. ಜನ ಕಂಗಾಲಾದರು. ಆಮೇಲೆ ವಾಷಿಂಗ್‌ಟನ್ನಿನ ಕಿವುಡರ ಕಾಲೇಜಿನ ಪ್ರೊಫೆಸರ್ ಎಡ್ವರ್ಡ್ ಫೇ ಎಂಬವರು ಊರೂರಿಗೆ ಪತ್ರ ಬರೆದು ನಿಜವಾದ ಮದುವೆಗಳ ವಿವರ ತರಿಸಿದರು. 4,471 ಮದುವೆಗಳು. 1898ರಲ್ಲಿ ಬೆಲ್‌ನ ಸಂಸ್ಥೆಯೇ ಅದನ್ನು ಪುಸ್ತಕ ಮಾಡಿತು. ಮಕ್ಕಳ ಸಂಗತಿ ಗೊತ್ತಾದ ಮದುವೆಗಳಲ್ಲಿ, ಕಿವಿ ಕೇಳದ ಮಗು ಹುಟ್ಟಿದ್ದು ನೂರಕ್ಕೆ ಹತ್ತು ಮನೆಗಳಲ್ಲಿ ಕೂಡ ಇಲ್ಲ. ನೂರಕ್ಕೆ ಇಷ್ಟು ಅಂತ ನೋಡಿದರೆ ಜಾಸ್ತಿ ಹುಟ್ಟಿದ್ದು ಎಲ್ಲಿ ಗೊತ್ತಾ? ಗಂಡ ಹೆಂಡತಿ ಮೊದಲೇ ರಕ್ತಸಂಬಂಧಿಗಳಾಗಿದ್ದ ಮನೆಗಳಲ್ಲಿ. ಈ ಸಾಲನ್ನು ಭಾವನಿಗೂ ದೊಡ್ಡಮ್ಮನಿಗೂ ಎರಡು ಸಲ ಓದಿ ಹೇಳಿ.

ಗ್ಯಾಲೊಡೆಟ್ ಅವರ ಹೆಂಡತಿಯೇ ಈ ಶಾಲೆಯ ವಿದ್ಯಾರ್ಥಿನಿ. ಸೋಫಿಯಾ ಫೌಲರ್ ಅಂತ. ಅವಳಿಗೂ ಕೇಳುತ್ತಿರಲಿಲ್ಲ, ಅವಳ ಅಕ್ಕ ಪಾರ್ನೆಲ್‌ಗೂ ಕೇಳುತ್ತಿರಲಿಲ್ಲ. ಅಂದರೆ ಮನೆತನದಲ್ಲೇ ಇತ್ತು ಅಂತ ಯಾರಾದರೂ ಹೇಳುತ್ತಾರೆ. ಸೋಫಿಯಾ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಶಾಲೆಯ ಮುಖ ನೋಡಿದವಳು. 1821ರಲ್ಲಿ ಮದುವೆಯಾಯಿತು. ಎಂಟು ಮಕ್ಕಳು, ಎಂಟಕ್ಕೂ ಕಿವಿ ಸರಿಯಾಗಿತ್ತು. ಕೊನೆಯವನೇ 1864ರಲ್ಲಿ ವಾಷಿಂಗ್‌ಟನ್‌ನಲ್ಲಿ ಕಿವುಡರ ಕಾಲೇಜು ಕಟ್ಟಿದ್ದು. ಕ್ಲೆರ್ ಮೇಷ್ಟ್ರು ಮದುವೆಯಾದದ್ದೂ ಕಿವಿ ಕೇಳದ ಹುಡುಗಿಯನ್ನೇ. ಅವರ ಮಕ್ಕಳಿಗೂ ಕಿವಿ ಕೇಳುತ್ತಿತ್ತು. ಇಬ್ಬರಿಗೂ ಕೇಳದಿದ್ದರೆ ಮಕ್ಕಳಿಗೂ ಕೇಳುವುದಿಲ್ಲ ಅನ್ನುವ ಮಾತು ಇನ್ನೂರು ವರ್ಷದ ಹಿಂದೆಯೇ ಸುಳ್ಳಾಗಿದೆ ಅಪ್ಪ.

ಇನ್ನೊಂದು ಕತೆ ಇದಕ್ಕಿಂತ ದೊಡ್ಡದು. ಇಲ್ಲಿಂದ ಪೂರ್ವಕ್ಕೆ ಸಮುದ್ರದಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ಅಂತ ಒಂದು ದ್ವೀಪ. ಹಳೆಯ ಕಾಲದಲ್ಲಿ ಅಲ್ಲಿಯವರು ಹೊರಗೆ ಹೆಣ್ಣು ಕೊಡುತ್ತಿದ್ದದ್ದು ಕಡಿಮೆ. ನೆಂಟರೊಳಗೇ ಸಂಬಂಧ. ಚಿಲ್‌ಮಾರ್ಕ್ ಎಂಬ ಊರಿನಲ್ಲಿ ಒಂದು ಕಾಲಕ್ಕೆ ಇಪ್ಪತ್ತೈದು ಜನರಿಗೆ ಒಬ್ಬರು ಕಿವುಡರಿದ್ದರು. ಊರಿಗೆ ಊರೇ ಸನ್ನೆಯಲ್ಲಿ ಮಾತಾಡುತ್ತಿತ್ತು, ಹಾಗಾಗಿ ಯಾರಿಗೂ ಅದು ಕೊರತೆ ಅಂತ ಅನಿಸಿರಲಿಲ್ಲ. ಆಮೇಲೆ ಅಲ್ಲಿಯ ಮಕ್ಕಳು ಈ ಹಾರ್ಟ್‌ಫರ್ಡ್ ಶಾಲೆಗೆ ಬಂದರು. ಇಲ್ಲಿ ಬೇರೆ ಬೇರೆ ಊರಿನ ಕಿವುಡು ಹುಡುಗ ಹುಡುಗಿಯರ ಪರಿಚಯವಾಗಿ ಅವರನ್ನೇ ಮದುವೆಯಾದರು. ರಕ್ತ ಬೇರೆ ಬೇರೆಯಾಯಿತು. ದ್ವೀಪದಲ್ಲಿ ಕಿವುಡು ಮಕ್ಕಳು ಹುಟ್ಟುವುದೇ ಕಡಿಮೆಯಾಗುತ್ತಾ ಬಂತು. ಹುಟ್ಟಿನಿಂದ ಬಂದ ಆ ಕಿವುಡುತನ ಇದ್ದ ಕೊನೆಯವರು 1952ರಲ್ಲಿ ತೀರಿಕೊಂಡರು. ಬೆಲ್ ಯಾವ ಮದುವೆ ಬೇಡ ಅಂದನೋ ಅಂಥ ಮದುವೆಗಳಿಂದಲೇ ಅಲ್ಲಿ ಕಿವುಡುತನ ಇಳಿದದ್ದು.

ಈಗ ನಮ್ಮ ಮನೆಯ ಲೆಕ್ಕ ಹಾಕಿ. ಅಮ್ಮನ ಚಿಕ್ಕಪ್ಪ ಶಂಕರಜ್ಜನಿಗೆ ಹುಟ್ಟಿನಿಂದಲೇ ಕೇಳುತ್ತಿರಲಿಲ್ಲ. ಭಾವ ಅಮ್ಮನ ಅಣ್ಣನ ಮಗ, ಅಕ್ಕ ಅಮ್ಮನ ಮಗಳು. ಎರಡೂ ಕಡೆ ಒಂದೇ ಮನೆಯ ರಕ್ತ. ಇಬ್ಬರಿಗೂ ಕಿವಿ ಸರಿ ಇದ್ದರೂ ಆ ಅಂಶ ಇಬ್ಬರಲ್ಲೂ ಸುಮ್ನೆ ಕೂತಿದ್ದು, ಸುಮಳಲ್ಲಿ ಜೊತೆಯಾಗಿ ಹೊರಗೆ ಬಂದಿರಬಹುದು. ಯಾರ ತಪ್ಪೂ ಇಲ್ಲ, ಅಕ್ಕ ಇದನ್ನು ಕೇಳಿ ಅಳುವುದು ಬೇಡ. ಗಣೇಶ ಭಾವನ ಅಕ್ಕನ ಮಗ. ಅವನಿಗೆ ಚೆನ್ನಾಗಿ ಕೇಳುತ್ತದೆ, ಆದರೆ ಅದೇ ಅಂಶ ಅವನಲ್ಲೂ ಇರಬಹುದು. ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಪುತ್ತೂರಿನ ಹುಡುಗನ ಕಿವಿ ಹೋದದ್ದು ಮೂರು ವರ್ಷಕ್ಕೆ ಮಿದುಳು ಜ್ವರ ಬಂದು. ಅವನ ಮನೆಯಲ್ಲಿ ಬೇರೆ ಯಾರಿಗೂ ಹಾಗಿಲ್ಲ. ಯಾವುದರಲ್ಲಿ ಭಯ ಜಾಸ್ತಿ, ನೀವೇ ಹೇಳಿ.

ಮಾತಿಗೆ ಮಾತು ಬೇಡ, ಪರೀಕ್ಷೆ ಮಾಡಿಸೋಣ. ಕನೆಕ್ಸಿನ್ 26 ಎಂಬ ಒಂದು ಜೀನ್ ಇದೆ. ಅದರ ದೋಷ ತಾಯಿ ತಂದೆ ಇಬ್ಬರಿಂದಲೂ ಬಂದರೆ ಹುಟ್ಟುವಾಗಲೇ ಕಿವಿ ಕೇಳದಿರಬಹುದು ಅಂತ 1997ರಲ್ಲಿ ಗೊತ್ತಾಯಿತು. ರಕ್ತ ಕೊಟ್ಟರೆ ತಿಳಿಯುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಸುಮಳನ್ನೂ ಗಣೇಶನನ್ನೂ ಕರೆದುಕೊಂಡು ಹೋಗಿ ಕೇಳಿ, ಎಲ್ಲಿ ಮಾಡಿಸಬೇಕು ಅಂತ ಅವರು ಹೇಳುತ್ತಾರೆ. ಖರ್ಚೆಲ್ಲ ನನ್ನದು, ಈ ವಾರವೇ ಹಾಕುತ್ತೇನೆ. ಸುಮಳಿಗೆ ಹೇಳಿಯೇ ಮಾಡಿಸಬೇಕು. ಅವಳಿಗೆ ಇಪ್ಪತ್ತಮೂರು ವರ್ಷ, ಕೇರಳ ಸರ್ಕಾರದ ಅಕ್ಷಯ ಕೇಂದ್ರದಲ್ಲಿ ದಿನಾ ನೂರು ಜನರ ಅರ್ಜಿ ತುಂಬುವವಳು.

ನಿಮ್ಮಿಂದ ಒಂದು ಕೆಲಸ ಆಗಬೇಕು. ಅಮ್ಮನನ್ನು ಕೂರಿಸಿಕೊಂಡು ಅವಳ ತವರಿನಲ್ಲಿ ಮೂರು ತಲೆಮಾರಿನಿಂದ ಯಾರಿಗೆ ಕೇಳುತ್ತಿರಲಿಲ್ಲ, ಯಾರು ಯಾರನ್ನು ಮದುವೆಯಾದರು ಅಂತ ನಿಮ್ಮ ಆ ದುಂಡು ಅಕ್ಷರದಲ್ಲಿ ಬರೆಯಿರಿ. ಸುಮಳ ಶಾಲೆಯ ಟಿ.ಸಿ. ಮತ್ತು ಹಳೆಯ ಶ್ರವಣ ಪರೀಕ್ಷೆಯ ಕಾಗದಗಳು ಅಕ್ಕನ ಕಪಾಟಿನಲ್ಲಿವೆ, ಅವನ್ನೂ ಜೋಡಿಸಿ. ಶಂಕರಜ್ಜನ ಬಗ್ಗೆ ಎಲ್ಲಿಯೂ ಒಂದಕ್ಷರ ಇಲ್ಲ ಅಂತ ನೆನೆದರೆ ಬೇಜಾರಾಗುತ್ತದೆ. ಆಗಲೇ ಮುಂಬಯಿಯಲ್ಲಿ 1885ರಿಂದ, ಕಲ್ಕತ್ತೆಯಲ್ಲಿ 1893ರಿಂದ ಕಿವುಡು ಮಕ್ಕಳ ಶಾಲೆ ಇತ್ತು. ತಿರುನೆಲ್ವೇಲಿ ಹತ್ತಿರದ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೈನ್‌ಸನ್ ಎಂಬ ಮಿಷನ್ ಹೆಂಗಸು ಕಟ್ಟಿದ ಶಾಲೆ ಇತ್ತು. ಮೈಸೂರಿನಲ್ಲೂ 1901ರಲ್ಲಿ ಶುರುವಾಯಿತು. ಕಾಸರಗೋಡು ಆಗ ಮದ್ರಾಸಿಗೆ ಸೇರಿದ್ದು, ನಮ್ಮವರಿಗೆ ಮೈಸೂರು ಅಂದರೆ ಬೇರೆ ರಾಜ್ಯ, ಪಾಳಯಂಕೋಟೆ ಅಂದರೆ ಕಾಶಿ. ಬ್ರಿಟಿಷರು 1931ರವರೆಗೂ ಜನಗಣತಿಯಲ್ಲಿ ಕಿವುಡ ಮೂಕರನ್ನು ಬೇರೆ ಎಣಿಸಿದರು. ಆ ಎಣಿಕೆಯಲ್ಲಿ ಶಂಕರಜ್ಜ ಬಂದಿರಬೇಕು, ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಬರಲಿಲ್ಲ. ತೋಟದಲ್ಲಿ ಅಡಿಕೆ ಹೆಕ್ಕಿಯೇ ಜೀವನ ಮುಗಿಯಿತು.

ಸುಮಳಿಗೆ ಶಾಲೆ ಸಿಕ್ಕಿತು, ಅದು ನಿಮ್ಮ ಹಟದಿಂದ. ಆದರೂ ಎಷ್ಟು ಕಷ್ಟಪಟ್ಟಳು! ಶಾಲೆಯಲ್ಲಿ ಮಲಯಾಳದ ತುಟಿ ಓದಬೇಕು, ಮನೆಯಲ್ಲಿ ಕನ್ನಡದ ತುಟಿ. ಸನ್ನೆ ಮಾಡಿದರೆ ಕ್ಲಾಸಿನಲ್ಲಿ ಬೈಗುಳ. ಅದಕ್ಕೂ ಹಿನ್ನೆಲೆ ಇದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಮೇಷ್ಟ್ರುಗಳೆಲ್ಲ ಸೇರಿ ಸನ್ನೆ ಬೇಡ, ಬಾಯಿಮಾತೇ ಕಲಿಸಬೇಕು ಅಂತ ಠರಾವು ಮಾಡಿದರು. ಅದರ ಪೆಟ್ಟು ಪ್ರಪಂಚದ ಮಕ್ಕಳೆಲ್ಲ ತಿಂದರು. 2010ರಲ್ಲಿ ಕೆನಡಾದ ವ್ಯಾಂಕೂವರ್ ಸಮ್ಮೇಳನದಲ್ಲಿ ಆ ಠರಾವಿಗೆ ವಿಷಾದ ಹೇಳಿದರು. ಇಷ್ಟು ವರ್ಷ ಮಾತಿಗೆ ಹಸಿದಿದ್ದ ಹುಡುಗಿಗೆ ಮಂಗಳೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕೈತುಂಬ ಮಾತಾಡುವವನು ಸಿಕ್ಕಿದ್ದಾನೆ. ವೀಡಿಯೊ ಕಾಲ್‌ನಲ್ಲಿ ಅವನ ವಿಷಯ ಹೇಳುವಾಗ ಅವಳ ಬೆರಳುಗಳ ಓಟ ನೋಡಬೇಕಿತ್ತು ನೀವು. ಪ್ರೆಸ್ಸಿನಲ್ಲಿ ಕೆಲಸ ಇದೆ, ಕುಡಿತ ಇಲ್ಲ, ತಾಯಿಯನ್ನು ಸಾಕುತ್ತಿದ್ದಾನೆ. ಇನ್ನೇನು ಬೇಕು?

ಮಗು ರಾತ್ರಿ ಅತ್ತರೆ ಹೇಗೆ ತಿಳಿಯುತ್ತದೆ ಅಂತ ಅಮ್ಮ ಕೇಳುತ್ತಾಳೆ, ಗೊತ್ತು. ಇಲ್ಲಿ ಮಗು ಅತ್ತರೆ ದೀಪ ಮಿನುಗುವ ಯಂತ್ರ ಇದೆ, ಕರೆಗಂಟೆಗೂ ಅಂಥದ್ದೇ. ಇಲ್ಲಿಯ ಕಿವುಡರು ಫೋನ್ ಕೂಡ ಮಾಡುತ್ತಾರೆ. ಪರದೆಯ ಮೇಲೆ ಒಬ್ಬರು ಸನ್ನೆ ನೋಡಿ ಆ ಕಡೆಯವರಿಗೆ ಬಾಯಲ್ಲಿ ಹೇಳುತ್ತಾರೆ, ಅದಕ್ಕೆ ದುಡ್ಡು ಇಲ್ಲ. ದೀಪದ ಯಂತ್ರ ನಾನು ಬರುವಾಗ ತರುತ್ತೇನೆ. ಅಷ್ಟು ದೂರದ ಯೋಚನೆ ಈಗಲೇ ಬೇಡ.

ನಾವು ಆರಾಮ, ಊಟ ತಿಂಡಿಗೆ ಏನೂ ಕೊರತೆ ಇಲ್ಲ, ಹಲಸಿನ ಹಪ್ಪಳ ಇನ್ನೂ ಒಂದು ಡಬ್ಬ ಇದೆ. ನನ್ನ ಬಿ.ಪಿ. ಪೂರ್ತಿ ಸರಿಯಾಗಿದೆ, ಕೆಲಸವೂ ಗಟ್ಟಿಯಾಗಿದೆ, ಪೇಪರಿನಲ್ಲಿ ಬರುವುದನ್ನೆಲ್ಲ ಓದಿ ಹೆದರಬೇಡಿ. ನಿಜವಾಗಿಯೂ ಏನೂ ತೊಂದರೆ ಇಲ್ಲ. ಗಣೇಶನ ಮನೆಯವರಿಗೆ ಪರೀಕ್ಷೆ ಮುಗಿಯುವವರೆಗೆ ಮಾತು ಕೊಡಬೇಡಿ, ಇದೊಂದು ನಡೆಸಿಕೊಡಿ. ಬುಧವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ, ಭಾವನೂ ಹತ್ತಿರ ಇರಲಿ. ಮಕ್ಕಳನ್ನು ಈಜು ಕ್ಲಾಸಿಗೆ ಬಿಡಬೇಕು, ಹೊರಟೆ. ಅಮ್ಮನಿಗೆ, ದೊಡ್ಡಮ್ಮನಿಗೆ ನಮಸ್ಕಾರ. ಸುಮಳಿಗೆ ಆಶೀರ್ವಾದ.

ಇತಿ ನಿಮ್ಮ ಮಗ,
ಪ್ರಸಾದ