ಅವಳ ಕೈಯ ಅಳತೆ

ಪ್ರಿಯ ಛತ್ರಿ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಹೇಳಿದರೆ ನೀನು ‘ಹೂಂ, ಹೂಂ’ ಅನ್ನುತ್ತಾ ಇನ್ನೊಂದು ಕೈಯಲ್ಲಿ ಬೇರೇನೋ ಮಾಡಿಕೊಂಡಿರುತ್ತೀಯ. ನಾಲ್ಕು ಜನರ ಎದುರು ಬರೆದು ಹಾಕಿದರೆ ಮರ್ಯಾದೆಗಾದರೂ ಕೊನೆಯವರೆಗೆ ಓದಬೇಕಾಗುತ್ತದೆ. ಉಳಿದವರು ಕಿಟಕಿಯಿಂದ ಇಣುಕುವಂತೆ ಇಣುಕಲಿ, ಅಡ್ಡಿಯಿಲ್ಲ. ಸೈಕಲ್ ಪಂಪಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಸಂಗತಿ ಇಷ್ಟೇ ಕಣೋ. ನನ್ನ ಹೆಂಡತಿಗೆ ಒಂದು ಪಿಸ್ತೂಲು ಕೊಡಿಸಬೇಕು ಅಂತಿದ್ದೇನೆ.

ನಕ್ಕು ಮುಗಿಯಿತಾ? ‘ನಿನ್ನಂಥ ಗಂಡನಿರೋ ಮನೆಗೆ ತೋಟಾ ಸಮೇತ ತಂದುಕೊಡ್ತೀಯಾ, ಧೈರ್ಯವಂತ’ ಎಂಬ ನಿನ್ನ ಮಾತನ್ನು ನಾನೇ ಮೊದಲು ಹೇಳಿಬಿಟ್ಟಿದ್ದೇನೆ. ಇನ್ನು ನೀನು ಹೊಸದೇನಾದರೂ ಹುಡುಕಿಕೋ.

ಅವಳು ಶೂಟಿಂಗ್ ರೇಂಜಿಗೆ ಹೋಗತೊಡಗಿ ಒಂದೂವರೆ ವರ್ಷವಾಯಿತಲ್ಲ. ಇಷ್ಟು ದಿನ ಹತ್ತು ಮೀಟರಿನ ಏರ್ ಪಿಸ್ತೂಲು. ಅದರ ಹಾಳೆಯ ನಡುವೆ ಇರುವ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್, ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ನನ್ನ ಅಂಗಿಯ ಗುಂಡಿ ಕಿತ್ತುಹೋದರೆ ತಿಂಗಳಾದರೂ ಅವಳ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ ದೊಡ್ಡದೊಂದು ಚುಕ್ಕೆಯನ್ನು ಹತ್ತು ಮೀಟರಿನಾಚೆ ಹೊಡೆದು ಬರುತ್ತಾಳೆ. ಈಗ ಇಪ್ಪತ್ತೈದು ಮೀಟರಿಗೆ ಹೋಗುವ ಆಸೆ. ಅಲ್ಲಿ ಗಾಳಿಯ ಪಿಸ್ತೂಲು ನಡೆಯುವುದಿಲ್ಲ, ತೋಟಾ ಬೇಕು. ಪಾಯಿಂಟ್ ಟೂ ಟೂ ಅನ್ನುತ್ತಾರಲ್ಲ, ಸುಮಾರು 0.22 ಅಂಗುಲ ದಪ್ಪದ್ದು, ಅದು. ಈ ಇಪ್ಪತ್ತೈದು ಮೀಟರಿನದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಿಂದ ಹೆಂಗಸರಿಗೆಂದೇ ಇರುವ ಸ್ಪರ್ಧೆ. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ನಾಲ್ಕನೆಯವಳಾಗಿ ಮೂರನೇ ಪದಕ ತಪ್ಪಿಸಿಕೊಂಡಳಲ್ಲ, ಅದೇ. ಅವತ್ತು ನಮ್ಮನೆಯಲ್ಲಿ ಸೂತಕದ ವಾತಾವರಣವಿತ್ತು.

ಕ್ಲಬ್ಬಿನ ಪಿಸ್ತೂಲಿನ ಹಿಡಿ ತನ್ನ ಕೈಗೆ ಕೂರುವುದಿಲ್ಲ ಎಂದು ಅವಳು ಒಮ್ಮೆ ಅಂದಿದ್ದಳು. ಒಮ್ಮೆ ಮಾತ್ರ. ನನಗೆ ಅಷ್ಟು ಸಾಕಾಯಿತು. ಅವಳಿಗೆ ಹೇಳದೆ ತಂದುಕೊಟ್ಟು ಬೆರಗುಗೊಳಿಸಬೇಕು ಎಂದು ಶುರುಮಾಡಿದೆ. ನಿನಗೆ ಗೊತ್ತಲ್ಲ, ನಾನು ಒಂದು ಚಪ್ಪಲಿ ಕೊಳ್ಳಬೇಕಾದರೂ ಚರ್ಮದ ಇತಿಹಾಸದಿಂದ ಶುರುಮಾಡುವವನು. ಮೂರು ವಾರ ರಾತ್ರಿಯೆಲ್ಲ ಓದಿದೆ. ಈಗ ನನ್ನನ್ನು ಏನು ಬೇಕಾದರೂ ಕೇಳು.

ಆ ತೋಟಾ ಈಗಿನ ‘ಲಾಂಗ್ ರೈಫಲ್’ ಎಂಬ ರೂಪದಲ್ಲಿ ಹುಟ್ಟಿದ್ದು 1887ರಲ್ಲಿ. ಸುಮಾರು ಎರಡೂವರೆ ಗ್ರಾಂ ತೂಗುವ ಸೀಸದ ಕಾಳು. ಒದೆತ ಕಡಿಮೆ, ಹಾಗಾಗಿ ಕಲಿಯುವವರ ಕೈ ಬೆಚ್ಚುವುದಿಲ್ಲ. ಇಷ್ಟು ಪುಟ್ಟದೆಂದು ಸದರ ಮಾಡಿಕೊಂಡರೆ ಕೆಟ್ಟೆವು. ಅಡ್ಡ ಏನೂ ಇಲ್ಲದಿದ್ದರೆ ಒಂದೂವರೆ ಕಿಲೋಮೀಟರು ದಾಟಿ ಹೋಗಿ ಬೀಳುತ್ತದೆ. ಕಿಡಿ ಹತ್ತುವ ಮದ್ದು ಇರುವುದು ತೋಟಾದ ಹಿಂಬದಿಯ ಅಂಚಿನಲ್ಲಿ, ಪಿಸ್ತೂಲಿನ ಸೂಜಿ ಆ ಅಂಚನ್ನೇ ಕುಟ್ಟುತ್ತದೆ. ಅದಕ್ಕೇ ಈ ಜಾತಿಯ ಬಹಳ ಪಿಸ್ತೂಲುಗಳಲ್ಲಿ ತೋಟಾ ಇಲ್ಲದೆ ಟ್ರಿಗರ್ ಒತ್ತಿ ಆಡಬಾರದು. ಕುಟ್ಟಲು ಅಂಚಿಲ್ಲದೆ ಸೂಜಿ ನಳಿಗೆಯ ಹಿಂಬದಿಯ ಅಂಚನ್ನೇ ಜಜ್ಜುತ್ತದೆ. ಸ್ಪರ್ಧೆಗೆಂದೇ ಮಾಡಿದ ಪಿಸ್ತೂಲುಗಳಲ್ಲಿ ಬರಿದೆ ಅಭ್ಯಾಸ ಮಾಡಲು ಬೇರೆ ಏರ್ಪಾಡು ಇರುತ್ತದೆ. ಅವಳಿಗೆ ಅಂಥದ್ದೇ ಬೇಕು, ಯಾಕೆಂದರೆ ಈ ಆಟದಲ್ಲಿ ದೊಡ್ಡ ಪಾಲು ಕಲಿಕೆ ತೋಟಾ ಇಲ್ಲದೆಯೇ.

ನನ್ನ ಮೊದಲ ತಪ್ಪು ತೂಕದ್ದು. ಹೆಂಗಸು, ಸಣ್ಣ ಕೈ, ಹಗುರಾದದ್ದು ಹುಡುಕೋಣ ಎಂದು ಹೊರಟೆ. ಪುಟ್ಟ ನಳಿಗೆಯ, ಪ್ಲಾಸ್ಟಿಕ್ ಮೈಯ, ಮುದ್ದಾದ ಒಂದನ್ನು ಮನಸ್ಸಿನಲ್ಲೇ ಆರಿಸಿಬಿಟ್ಟಿದ್ದೆ. ತಿಳಿದವರು ನಕ್ಕರು. ಗುರಿಯ ಪಿಸ್ತೂಲಿಗೆ ತೂಕವೇ ಊರುಗೋಲು. ಹಗುರಾದದ್ದು ಉಸಿರಿಗೆ, ನಾಡಿಗೆ, ಎಲ್ಲದಕ್ಕೂ ನಡುಗುತ್ತದೆ. ನಳಿಗೆ ಗಿಡ್ಡವಾದರೆ ಗುರಿ ಹಿಡಿಯುವ ಹಿಂದಿನ ಕಣ್ಣಿಗೂ ಮುಂದಿನ ಕಡ್ಡಿಗೂ ಅಂತರ ಕಡಿಮೆಯಾಗಿ, ಕೈಯ ಕೂದಲೆಳೆಯ ತಪ್ಪು ಹಾಳೆಯ ಮೇಲೆ ಗೇಣಾಗುತ್ತದೆ. ಸ್ಪರ್ಧೆಯ ನಿಯಮವೂ 1400 ಗ್ರಾಂ ಮೀರಬಾರದು ಅನ್ನುತ್ತದೆಯೇ ಹೊರತು ಕಡಿಮೆಯ ಮಾತೇ ಎತ್ತುವುದಿಲ್ಲ. ಟ್ರಿಗರ್ ಮಾತ್ರ ಸಾವಿರ ಗ್ರಾಮಿನಷ್ಟು ಭಾರವನ್ನಾದರೂ ತಡೆಯಬೇಕು, ಅದಕ್ಕಿಂತ ಸಲೀಸಾಗಿ ಬೀಳಬಾರದು. ಸ್ಮಿತ್ ಅಂಡ್ ವೆಸನ್‌ನವರ ಮಾಡೆಲ್ 41 ಎಂಬುದೊಂದಿದೆ, 1957ರಿಂದ ಬರುತ್ತಿದೆ, ಕಿಲೋಗೂ ಹೆಚ್ಚು ತೂಕ. ಚಿತ್ರ ನೋಡಿಯೇ ನನ್ನ ಮಣಿಕಟ್ಟು ನೋಯಿತು. ಒಂದೂವರೆ ವರ್ಷದಿಂದ ತೋಳು ಚಾಚಿ ನಿಲ್ಲುತ್ತಿರುವವಳಿಗೆ ಅದು ಲೆಕ್ಕವಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಆಮೇಲೆ ರೂಗರ್‌ನವರದ್ದು. 1949ರಲ್ಲಿ ಆ ಕಂಪನಿ ಶುರುವಾದದ್ದೇ ಈ ಪುಟ್ಟ ಪಿಸ್ತೂಲಿನಿಂದ. ಮಾರ್ಕ್ ಟೂ, ಮಾರ್ಕ್ ತ್ರೀ ಎಂದು ಬಂದವೆಲ್ಲ ಬಾಳಿಕೆಗೆ ಹೆಸರಾದವು, ಬಿಚ್ಚಿದರೆ ಮತ್ತೆ ಜೋಡಿಸಲು ಬಾರದೆ ಜನ ಅತ್ತದ್ದಕ್ಕೂ ಅಷ್ಟೇ ಹೆಸರಾದವು. 2016ರಲ್ಲಿ ಮಾರ್ಕ್ ಫೋರ್ ತಂದು ಒಂದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಹಾಗೆ ಮಾಡಿದರು. ಅಂದರೆ ಅರವತ್ತೇಳು ವರ್ಷ! ಇದನ್ನು ಓದಿದಾಗ ನಿನ್ನ ಮದುವೆಯ ಮಂಚ ನೆನಪಾಯಿತು. ಅದರ ಮಿಕ್ಕ ಎರಡು ಬೋಲ್ಟು ಇನ್ನೂ ನನ್ನ ಹತ್ತಿರ ಇವೆ.

ಆದರೆ ಕೊನೆಗೆ ಎಲ್ಲವೂ ಹಿಡಿಗೇ ಬಂದು ನಿಂತಿತು. ಸ್ಪರ್ಧೆಯ ಪಿಸ್ತೂಲಿಗೆ ಮರದ ಹಿಡಿ, ಕೈಯ ಅಚ್ಚಿನಂತೆ ಕೆತ್ತಿದ್ದು. ಸಣ್ಣ, ನಡುವಣ, ದೊಡ್ಡ ಎಂದು ಅಳತೆಗಳಿವೆ. ಬಲಗೈಗೆ ಬೇರೆ, ಎಡಗೈಗೆ ಬೇರೆ. (ಹೌದು, ಎಡಗೈ ಎಂದ ಕೂಡಲೇ ಆ ಹಂಗೇರಿಯ ಶೂಟರ್ ಟಕಾಚ್ ನೆನಪಾದ. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹೋಗಿ, ಎಡಗೈಯಲ್ಲಿ ಕಲಿತು 1948ರಲ್ಲೂ 1952ರಲ್ಲೂ ಒಲಿಂಪಿಕ್ಸ್ ಚಿನ್ನ ಗೆದ್ದವನು. ಅವನ ಕಥೆಯನ್ನು ನೀನು ಆ ದಿನಗಳಲ್ಲಿ ನನಗೆ ಮೂರು ಸಲ ಕಳಿಸಿದ್ದೆ, ಸ್ಫೂರ್ತಿಯಂತೆ. ಮೂರು ಸಲವೂ ಸಿಟ್ಟು ಬಂದಿತ್ತು, ಈಗ ಹೇಳುತ್ತಿದ್ದೇನೆ.) ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಸಲೀಸಾಗಿ ಕೂರಬೇಕು. ಹೆಬ್ಬೆರಳ ಸಂದಿನಿಂದ ಅಲ್ಲಿಗೆ ಎಷ್ಟು ದೂರ? ಅಂಗೈ ಎಷ್ಟು ಅಗಲ?

ನನಗೆ ಗೊತ್ತಿರಲಿಲ್ಲ ಕಣೋ.

ಇಷ್ಟು ವರ್ಷ ಹಿಡಿದ ಕೈ. ಸಣ್ಣದೋ ನಡುವಣದೋ ಎಂದು ಕೇಳಿದರೆ ಹೇಳಲು ಬರಲಿಲ್ಲ. ಹಾಗಾಗಿ ಒಂದು ರಾತ್ರಿ ಅವಳು ಮಲಗಿದ ಮೇಲೆ ಹಾಳೆ, ಪೆನ್ಸಿಲು ಹಿಡಿದು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಬಲಗೈಯ ಕೆಳಗೆ ಹಾಳೆ ತೂರಿಸಿ ಸುತ್ತ ಗೆರೆ ಎಳೆಯತೊಡಗಿದೆ. ಉಂಗುರಬೆರಳಿಗೆ ಬಂದಾಗ ನೋಡಿದರೆ ಉಂಗುರವೇ ಇಲ್ಲ. ಎದೆ ಧಸಕ್ಕೆಂದಿತು. ಕಳೆದುಕೊಂಡಳೋ, ಬೇರೇನೋ ಎಂದು ಪೆನ್ಸಿಲು ಅಲ್ಲೇ ನಿಂತಿತು.

‘ಏನ್ರೀ ಅದು, ನಾಡಿ ನೋಡ್ತಿದೀರಾ?’ ಕಣ್ಣು ಮುಚ್ಚಿಕೊಂಡೇ ಕೇಳಿದಳು.

‘ಉಂಗುರ ಎಲ್ಲೇ?’

‘ಪಿಸ್ತೂಲು ಹಿಡಿದಾಗ ಒತ್ತುತ್ತೆ ಅಂತ ತೆಗೆದಿಟ್ಟೆ. ಮೂರು ತಿಂಗಳಾಯ್ತು.’

ಬೆರಗುಗೊಳಿಸುವ ಯೋಜನೆ ಅಲ್ಲಿಗೆ ಮುಗಿಯಿತು. ಎಲ್ಲ ಹೇಳಿದೆ. ಎದ್ದು ಕೂತು ಹಾಳೆ ನೋಡಿದಳು, ಕಿರುಬೆರಳು ಬಾಳೆಹಣ್ಣಿನ ಹಾಗೆ ಬಂದಿದೆ ಎಂದು ನಕ್ಕಳು. ಯಾವುದು, ಎಷ್ಟು ತೂಕ ಎಂದೆಲ್ಲ ಕೇಳಿದಳು. ಅವಳಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಬಹಳ ಹಿಂದೆಯೇ ನೋಡಿಟ್ಟಿದ್ದಾಳೆ. ಆಮೇಲೆ ದೀಪ ಆರಿಸುತ್ತಾ ಅಂದಳು, ‘ಕೊಂಡರೂ ಮನೇಲಿ ಇಡೋದು ಬೇಡ. ಕ್ಲಬ್ಬಿನ ಲಾಕರಿನಲ್ಲೇ ಇರಲಿ.’

‘ಯಾಕೆ?’

‘ತೇವ ಹಿಡಿಯುತ್ತೆ.’

ಛತ್ರಿ, ನಮ್ಮ ಮನೆಯಲ್ಲಿ ಉಪ್ಪೂ ತೇವ ಹಿಡಿಯುವುದಿಲ್ಲ.

ಮರುದಿನ ಅವಳ ಜೊತೆ ರೇಂಜಿಗೆ ಹೋದೆ, ಹಿಂದಿನ ಬೆಂಚಿನಲ್ಲಿ ಕೂತೆ. ನಿಧಾನದ ಸುತ್ತು. ಐದು ನಿಮಿಷದಲ್ಲಿ ಐದು ಈಡು. ತೋಳು ಎತ್ತಿದಳು, ನಿಂತಳು, ಕಾದಳು, ಇಳಿಸಿಬಿಟ್ಟಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಹೆದರಿದಳೇನೋ ಅಂದುಕೊಂಡೆ. ಅಲ್ಲಿ ಕಲಿಸುವವರು ನನ್ನ ಮುಖ ನೋಡಿ ಅಂದರು: ‘ಹೊಡೆಯೋದನ್ನ ಒಂದು ತಿಂಗಳಲ್ಲಿ ಕಲಿಸ್ತೀನಿ. ಸರಿ ಇಲ್ಲ ಅನಿಸಿದಾಗ ಹೊಡೆಯದೆ ಕೈ ಇಳಿಸೋದಿದೆಯಲ್ಲ, ಅದು ಬರೋಕೆ ವರ್ಷಗಳು ಬೇಕು. ಇವರಿಗೆ ಅದು ಬಂದುಬಿಟ್ಟಿದೆ.’

ಆ ರಾತ್ರಿ ಲೈಸೆನ್ಸಿನ ವಿಷಯ ಓದುತ್ತಿದ್ದೆ. ಕಾನೂನು ದೇಶಕ್ಕೊಂದು. ಬಹಳ ಕಡೆ ಯಾರು ಬಳಸುತ್ತಾರೋ ಅವರ ಹೆಸರಿನಲ್ಲೇ ಪರವಾನಗಿ ಬೇಕು, ಸೀರೆ ತಂದ ಹಾಗೆ ಸುತ್ತಿ ತಂದುಕೊಡುವ ಉಡುಗೊರೆಯೇ ಅಲ್ಲ ಇದು. ಕೆಲವು ದೇಶಗಳಲ್ಲಿ ಅರ್ಜಿ ಹಾಕಿದವರ ಗಂಡನನ್ನೋ ಹೆಂಡತಿಯನ್ನೋ ಕೂಡ ಕೇಳುತ್ತಾರಂತೆ, ನಿಮ್ಮ ಮನೆಯಲ್ಲಿ ಇದು ಇರಬಹುದೇ, ನಿಮಗೇನಾದರೂ ಆತಂಕವಿದೆಯೇ ಎಂದು.

ಅಲ್ಲಿ ನಿಂತುಬಿಟ್ಟೆ. ನನ್ನನ್ನು ಕೇಳಿದರೆ ಏನು ಹೇಳಲಿ?

ನನ್ನ ಕೆಲಸ ಹೋದ ಆ ವರ್ಷ ನಿನಗೆ ನೆನಪಿರಬೇಕು. ನೀನು ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಫೋನ್ ಮಾಡಿ ‘ಸ್ಕೋರ್ ಎಷ್ಟಾಯ್ತೋ’ ಅನ್ನುತ್ತಿದ್ದೆ. ಪಂದ್ಯವೇ ಇಲ್ಲದ ದಿನವೂ ಅದೇ ಪ್ರಶ್ನೆ. ನಾನು ಸುಮ್ಮನೆ ಯಾವುದೋ ಸಂಖ್ಯೆ ಹೇಳುತ್ತಿದ್ದೆ, ನೀನು ‘ಅಯ್ಯೋ, ಹೋಯ್ತು ಬಿಡು’ ಅನ್ನುತ್ತಿದ್ದೆ. ಆಗ ನಿದ್ದೆ ಬರುತ್ತಿಲ್ಲ ಎಂದಷ್ಟೇ ನಿನಗೆ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ. ಕೆಲವು ರಾತ್ರಿ ಬದುಕಿರುವುದು ಬೇಡ ಅನಿಸಿತ್ತು. ಅದು ಅಲೆಯ ಹಾಗೆ ಬರುತ್ತಿತ್ತು. ಅರ್ಧ ಗಂಟೆ, ಒಂದು ಗಂಟೆ, ಆಮೇಲೆ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ಕೈಗೆಟಕುವಲ್ಲಿ ಏನಿದೆ ಏನಿಲ್ಲ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಮನೆಯಲ್ಲಿ ಬಂದೂಕಿದ್ದರೆ ಆತ್ಮಹತ್ಯೆಯ ಅಪಾಯ ಹೆಚ್ಚು ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ, ಅದು ಬರೀ ಬಂದೂಕಿನ ಒಡೆಯನಿಗಷ್ಟೇ ಅಲ್ಲ, ಆ ಮನೆಯಲ್ಲಿರುವ ಉಳಿದವರಿಗೂ. ಮೂರು ವಾರ ನಾನು ಓದಿದ ನೂರಾರು ಪುಟಗಳಲ್ಲಿ ಇದೂ ಇತ್ತು. ಬೇಗ ದಾಟಿ ಟ್ರಿಗರಿನ ತೂಕಕ್ಕೆ ಹೋಗಿಬಿಡುತ್ತಿದ್ದೆ.

ಅವಳಿಗೆ ನಾನು ಯಾವತ್ತೂ ಹೇಳಿಲ್ಲ. ಅವಳೂ ಕೇಳಿಲ್ಲ. ಆದರೆ ಒಂದೂವರೆ ವರ್ಷದಿಂದ ಮನಸ್ಸಿನಲ್ಲೇ ಪಿಸ್ತೂಲು ಆರಿಸಿಟ್ಟುಕೊಂಡು, ಒಂದೇ ಒಂದು ಸಲ ಹಿಡಿ ಸರಿಯಿಲ್ಲ ಎಂದು ಬಾಯಿಬಿಟ್ಟು, ಆಮೇಲೆ ಸುಮ್ಮನಾದಳಲ್ಲ? ಎಷ್ಟು ಸಲ ಎತ್ತಿದಳೋ, ಎಷ್ಟು ಸಲ ಇಳಿಸಿದಳೋ.

ಈಗ ಚೆನ್ನಾಗಿದ್ದೇನೆ, ಗಾಬರಿಯಾಗಬೇಡ. ನೀನು ಓದುವ ಹೊತ್ತಿಗೆ ಇವಳೂ ಇದನ್ನು ಓದಿರುತ್ತಾಳೆ. ಬಾಯಲ್ಲಿ ಹೇಳಲಾರದ್ದನ್ನು ಹೀಗೆ ಊರಿಗೆಲ್ಲ ಡಂಗುರ ಹೊಡೆದು ಹೇಳುವ ಗಂಡ ಸಿಕ್ಕಿದ್ದಕ್ಕೆ ಅವಳು ಏನು ಮಾಡುತ್ತಾಳೋ ನೋಡಬೇಕು. ನಿಜಕ್ಕೂ ನಾನು ಕೂತದ್ದು ಹೆಂಡತಿಗೆ ಉಡುಗೊರೆ ಆರಿಸುವ ಪಾಡಿನ ಬಗ್ಗೆ ಒಂದು ತಮಾಷೆಯ ಪತ್ರ ಬರೆಯಲು. ನಗಿಸುವ ಜಾಗಗಳನ್ನೆಲ್ಲ ಮೊದಲೇ ಗುರುತು ಹಾಕಿಟ್ಟುಕೊಂಡಿದ್ದೆ. ಅಂಗಿಯ ಗುಂಡಿ, ಬಾಳೆಹಣ್ಣು ಎಲ್ಲ ಆ ಪಟ್ಟಿಯವೇ. ಇನ್ನೂ ಎರಡು ಉಳಿದಿವೆ, ಬೇಕಾದರೆ ಬೇರೆ ಪತ್ರಕ್ಕೆ ಬಳಸುತ್ತೇನೆ.

ಸದ್ಯದ ತೀರ್ಮಾನ ಹೀಗಿದೆ. ಪಿಸ್ತೂಲನ್ನು ಅವಳೇ ಆರಿಸುತ್ತಾಳೆ, ರೇಂಜಿನಲ್ಲಿ ನಾಲ್ಕಾರನ್ನು ಹಿಡಿದು, ಹೊಡೆದು ನೋಡಿ. ಅವಳ ಹೆಸರು, ಅವಳ ಪರವಾನಗಿ, ಕ್ಲಬ್ಬಿನ ಲಾಕರು, ಬೀಗದಕೈ ಅವಳದ್ದು. ನನ್ನದು ದುಡ್ಡು ಮಾತ್ರ. ತೋಟಾವನ್ನೂ ನಾಲ್ಕೈದು ಬಗೆಯದ್ದು ತಂದು ನೋಡಬೇಕಂತೆ, ಒಂದೊಂದು ನಳಿಗೆಗೆ ಒಂದೊಂದು ಬಗೆಯ ತೋಟಾ ಒಗ್ಗುತ್ತದೆ, ಒಗ್ಗದ್ದನ್ನು ಹಾಕಿದರೆ ಎಷ್ಟು ಒಳ್ಳೆಯ ಕೈಯಾದರೂ ಹಾಳೆಯ ಮೇಲೆ ಚೆಲ್ಲಾಪಿಲ್ಲಿ. ಹೊಡೆದು ಬಂದ ಮೇಲೆ ಕೈ ತೊಳೆಯದೆ ತಿಂಡಿಗೆ ಕೈ ಹಾಕಬಾರದು, ಸೀಸದ ಪುಡಿ ಇರುತ್ತದೆ. ಇದೊಂದು ವಿಷಯದಲ್ಲಿ ಅವಳನ್ನು ಗದರುವ ಅಧಿಕಾರ ನನಗೆ ಸಿಕ್ಕಿದೆ.

ಉಡುಗೊರೆ ಎಂದು ನಾನೇ ಕೈಯಾರೆ ಆರಿಸಿ ಕೊಡುತ್ತಿರುವುದು ಕಿವಿಗೆ ಹಾಕುವ ಮಫ್. ಪುಟ್ಟ ತೋಟಾ ಎಂದು ಕಿವಿ ಬರಿದೇ ಬಿಟ್ಟರೆ ನಿಧಾನವಾಗಿ ಕಿವುಡಾಗುತ್ತದೆ. ಒಳ್ಳೆಯದನ್ನೇ ಆರಿಸಿದ್ದೇನೆ, ತಲೆಯ ಅಳತೆಯನ್ನು ಈ ಸಲ ಅವಳು ಎಚ್ಚರವಿದ್ದಾಗಲೇ ತೆಗೆದುಕೊಂಡೆ. ಒಂದೇ ಅಪಾಯ, ನಾನು ಮನೆಯಲ್ಲಿ ಬಾಯಿ ತೆರೆದ ಕೂಡಲೇ ಅದನ್ನು ಹಾಕಿಕೊಂಡುಬಿಡಬಹುದು.

ಆ ಹಾಳೆ ಇದೆಯಲ್ಲ, ಪೆನ್ಸಿಲಿನ ಕೈ, ಅದನ್ನು ಎಸೆದಿಲ್ಲ. ಉಂಗುರಬೆರಳಿನ ಹತ್ತಿರ ಗೆರೆ ತುಂಡಾಗಿದೆ. ನನ್ನ ಕಪಾಟಿನಲ್ಲಿ ನಿನ್ನ ಎರಡು ಬೋಲ್ಟಿನ ಜೊತೆಗಿದೆ.

ಇವತ್ತು ಹನ್ನೊಂದಕ್ಕೆ ಫೋನ್ ಮಾಡು. ಪಂದ್ಯ ಇಲ್ಲ, ನನಗೂ ಗೊತ್ತು. ಆದರೂ ಒಳ್ಳೆಯ ಸ್ಕೋರು ಹೇಳುತ್ತೇನೆ.

ಇಂತಿ ನಿನ್ನ,
ಪಂಪ್
(ಎತ್ತುವುದಿಲ್ಲ ಅಂದಿದ್ದೆ, ಎತ್ತಿಬಿಟ್ಟೆ.)